ವಯಸ್ಸಾದ ನಾಯಿಗೆ ಎರಡು ಹಿಡಿಯ ಹಾರ್ನೆಸ್: ಮೂಡಿಗೆರೆ ಗುಡ್ಡದಲ್ಲಿ ಒಂಬತ್ತು ದಿನ ಬಳಸಿ ನೋಡಿದ್ದು

ನಮ್ಮ ಕೆಂಚನಿಗೆ ಈಗ 12 ವರ್ಷ. ಅರ್ಧ ಲ್ಯಾಬ್ರಡಾರ್, ಅರ್ಧ ಬೀದಿನಾಯಿ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ, ಕಾರ್ತಿಕದಲ್ಲಿ, ಅವನನ್ನು ಕರೆದುಕೊಂಡು ಮೂಡಿಗೆರೆ ಹತ್ತಿರದ ಚಿಕ್ಕಮ್ಮನ ತೋಟಕ್ಕೆ ಹೋಗುತ್ತೇವೆ. ಅಷ್ಟು ಹೊತ್ತಿಗೆ ಮಳೆ ನಿಂತಿರುತ್ತದೆ, ಗುಡ್ಡ ಇನ್ನೂ ಹಸಿರಾಗೇ ಇರುತ್ತದೆ. ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಎಳೆ ಬಿಸಿಲು. ನಾಯಿ ಜೊತೆ ಗುಡ್ಡ ಸುತ್ತೋಕೆ ಇದಕ್ಕಿಂತ ಒಳ್ಳೆ ಕಾಲ ನನಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಬಿಡಲ್ಲ, ಮಾರ್ಚ್ ಬಂದರೆ ಬಿಸಿಲು ಬಿಡಲ್ಲ.

ತೋಟದ ಮೇಲ್ಗಡೆ ಬೇಲಿಗೆ ಒಂದು ದಣಪೆ ಇದೆ. ಅಡ್ಡಕ್ಕೆ ಎರಡು ಬಿದಿರು, ಅಷ್ಟೇ. ಅದನ್ನು ದಾಟಿದರೆ ಬೋಳುಗುಡ್ಡ ಶುರು. ಹತ್ತು ವರ್ಷ ಕೆಂಚ ಆ ದಣಪೆಯನ್ನು ನಮಗಿಂತ ಮೊದಲು ಹಾರಿ, ಆ ಕಡೆ ನಿಂತು ಬಾಲ ಆಡಿಸುತ್ತಾ ಕಾಯುತ್ತಿದ್ದ. ಹೋದ ವರ್ಷ ಹಾರಲಿಲ್ಲ. ಕೆಳಗಿನ ಬಿದಿರಿನ ಮೇಲೆ ಗದ್ದ ಇಟ್ಟು, ತಿರುಗಿ ನನ್ನ ಮುಖ ನೋಡಿದ. ನಾನು ಹೊಟ್ಟೆಗೆ ಕೈ ಹಾಕಿ ಎತ್ತಿದೆ. ಕುಂಯ್ ಅಂದ. ಕೆಂಚ ನೋವಿಗೆ ಕೂಗುವ ನಾಯಿ ಅಲ್ಲ. ಅವತ್ತು ಅಲ್ಲಿಂದಲೇ ಮನೆಗೆ ವಾಪಸ್ ಬಂದೆವು, ಗುಡ್ಡಕ್ಕೆ ಹೋಗಲಿಲ್ಲ.

ಬೆಂಗಳೂರಿಗೆ ಬಂದು ಎಕ್ಸ್‌ರೇ ಮಾಡಿಸಿದರೆ ಎಡಗಡೆ ಸೊಂಟದ ಕೀಲು ಸವೆದಿದೆ ಅಂದರು. ಲ್ಯಾಬ್ರಡಾರ್ ರಕ್ತ ಇರುವ ನಾಯಿಗಳಿಗೆ ಸೊಂಟದ ತೊಂದರೆ ಜಾಸ್ತಿ. ಡಾಕ್ಟರ್ ಮುಖ್ಯವಾಗಿ ಹೇಳಿದ್ದು ಮೂರು ಮಾತು: ತೂಕ ಇಳಿಸಿ, ಹಾರೋಕೆ ಬಿಡಬೇಡಿ, ಆದರೆ ನಡೆಸೋದು ನಿಲ್ಲಿಸಬೇಡಿ. ನಾವು ಅಲ್ಲಿವರೆಗೆ ಮೂರನೆಯದನ್ನು ಉಲ್ಟಾ ತಿಳಿದುಕೊಂಡಿದ್ದೆವು. ಪಾಪ, ವಯಸ್ಸಾಯ್ತು, ಮಲಗಿರಲಿ ಅಂತ. ಸುಮ್ನೆ ಮಲಗಿದ್ದರೆ ತೊಡೆಯ ಸ್ನಾಯು ಕರಗುತ್ತದೆ, ಸ್ನಾಯು ಕರಗಿದರೆ ಕೀಲಿನ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಐದು ತಿಂಗಳಲ್ಲಿ 31 ಕೆ.ಜಿ.ಯಿಂದ 28ಕ್ಕೆ ಇಳಿಸಿದೆವು. ನಿಜ ಹೇಳಬೇಕೆಂದರೆ ಈ ಮೂರು ಕೆ.ಜಿ. ಇಳಿದಿದ್ದು ಮಾಡಿದಷ್ಟು ಸಹಾಯ ಹಾರ್ನೆಸ್ ಕೂಡ ಮಾಡಿಲ್ಲ. ನಿಮ್ಮ ನಾಯಿ ದಪ್ಪ ಇದ್ದರೆ ದುಡ್ಡು ಖರ್ಚು ಮಾಡುವ ಮೊದಲು ಅನ್ನ ಕಡಿಮೆ ಮಾಡಿ.

ಈಗ ಹಾರ್ನೆಸ್ ವಿಷಯ. ಇದು ಕುತ್ತಿಗೆ ಪಟ್ಟಿಯ ಬದಲು ನಾಯಿಯ ಎದೆಗೆ ತೊಡಿಸುವ ಸಾಮಾನ್ಯ ಹಾರ್ನೆಸ್ ಅಲ್ಲ. ಎದೆಗೊಂದು ತುಂಡು, ಸೊಂಟಕ್ಕೊಂದು ತುಂಡು, ಎರಡನ್ನೂ ಬೆನ್ನಿನ ಮೇಲೆ ಸೇರಿಸುವ ಒಂದು ಪಟ್ಟಿ. ಎರಡು ತುಂಡಿಗೂ ಮೇಲೆ ಒಂದೊಂದು ಹಿಡಿ. ಹಿಂದಿನ ಹಿಡಿ ಹಿಡಿದು ಸ್ವಲ್ಪ ಮೇಲಕ್ಕೆ ಎಳೆದರೆ ಹಿಂಗಾಲಿನ ಭಾರ ನಮ್ಮ ಕೈಗೆ ಬರುತ್ತದೆ, ನಾಯಿ ತಾನೇ ಕಾಲು ಎತ್ತಿಡುತ್ತದೆ. ನಮ್ಮದಕ್ಕೆ 2,400 ರೂಪಾಯಿ ಆಯ್ತು. ಕಂಪನಿ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಇದೇ ಮಾದರಿಯನ್ನು ಸುಮಾರು ಜನ ಬೇರೆ ಬೇರೆ ಹೆಸರಲ್ಲಿ ಮಾರುತ್ತಾರೆ. ನೋಡಬೇಕಾದ್ದು ಹೊಲಿಗೆ. ಹಿಡಿ ಬಟ್ಟೆಗೆ ಸೇರುವ ಜಾಗದಲ್ಲಿ ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಹೊಲಿಗೆ ಹಾಕಿರಬೇಕು. ಒಂದೇ ಸಾಲು ಹೊಲಿಗೆ ಇದ್ದರೆ ತಗೊಳ್ಳಬೇಡಿ. 28 ಕೆ.ಜಿ. ನಾಯಿ ಇಳಿಜಾರಲ್ಲಿ ಜಾರಿದಾಗ ಅದರ ಭಾರವೆಲ್ಲ ಆ ಎರಡು ಇಂಚಿನ ಮೇಲೆ ಬೀಳುತ್ತದೆ.

ಮೊದಲು ಬೇರೊಂದು ಕಡೆಯಿಂದ ತರಿಸಿ ಕೈ ಸುಟ್ಟುಕೊಂಡೆವು. ಅವರು ಬರೀ ತೂಕ ಕೇಳಿ ಸೈಜ್ ಕಳಿಸಿದ್ದರು. ಬಂದದ್ದು ಸಡಿಲ, ಹಿಂದಿನ ತುಂಡು ಸರಿದು ಹೊಟ್ಟೆಗೆ ಬರುತ್ತಿತ್ತು. ಗಂಡುನಾಯಿ ಇರುವವರಿಗೆ ಇದು ತುಂಬಾ ಮುಖ್ಯ: ಹೊಟ್ಟೆಯ ಕೆಳಗಿನ ಬಟ್ಟೆ ಉಚ್ಚೆ ಹೊಯ್ಯುವ ಜಾಗಕ್ಕೆ ಅಡ್ಡ ಬಂದರೆ ಪ್ರತಿ ಸಲವೂ ಒದ್ದೆಯಾಗುತ್ತದೆ, ಆ ಒದ್ದೆ ಬಟ್ಟೆ ತೊಡೆಸಂದಿಗೆ ಉಜ್ಜುತ್ತಲೇ ಇರುತ್ತದೆ. ಬದಲಾಯಿಸಿ ಕೊಡೋಕೆ ಇಪ್ಪತ್ತು ದಿನ ಸತಾಯಿಸಿ, ಕೊನೆಗೆ ಕೊರಿಯರ್ ಖರ್ಚೂ ನಮ್ಮ ತಲೆಗೇ ಹಾಕಿದರು. ಆದ್ದರಿಂದ ಟೇಪ್ ಹಿಡಿದು ನೀವೇ ಅಳೆಯಿರಿ. ಮುಂಗಾಲ ಹಿಂದೆ ಎದೆಯ ಸುತ್ತಳತೆ, ಹಿಂಗಾಲ ಮುಂದೆ ಸೊಂಟದ ಸುತ್ತಳತೆ, ಕುತ್ತಿಗೆಯಿಂದ ಬಾಲದ ಬುಡದವರೆಗೆ ಬೆನ್ನಿನ ಉದ್ದ. ಈ ಮೂರೂ ಕೇಳದ ಅಂಗಡಿಯಿಂದ ಇದನ್ನು ತಗೊಳ್ಳಬೇಡಿ.

ಇನ್ನೊಂದು ಮಾತು, ಹೊರಡುವ ಹಿಂದಿನ ದಿನ ಹಾಕಬೇಡಿ. ಮೊದಲ ದಿನ ಕೆಂಚ ಮೈ ಬಿಗಿ ಹಿಡಿದು ಗೋಡೆಗೆ ಒರಗಿ ನಿಂತುಬಿಟ್ಟ. ಬೇಯಿಸಿದ ಕೋಳಿ ಚೂರು ಕೊಡುತ್ತಾ ದಿನಕ್ಕೆ ಹತ್ತು ನಿಮಿಷ ಹಾಕಿ ತೆಗೆದು, ಎರಡು ವಾರ ಆದ ಮೇಲೆ ಹಾರ್ನೆಸ್ ಕೈಗೆ ತಗೊಂಡರೆ ತಾನೇ ಎದ್ದು ಬಂದು ತಲೆ ತೂರಿಸುವುದಕ್ಕೆ ಶುರು ಮಾಡಿದ. ಹೊರಗೆ ಹೋಗುವ ಸೂಚನೆ ಅಂತ ಅವನಿಗೆ ಅರ್ಥ ಆಗಿತ್ತು.

ಬೆಂಗಳೂರಿನಿಂದ ಹಾಸನ, ಬೇಲೂರು ಮೇಲೆ ಮೂಡಿಗೆರೆಗೆ ಸುಮಾರು 250 ಕಿ.ಮೀ. ಎರಡು ಗಂಟೆಗೊಮ್ಮೆ ನಿಲ್ಲಿಸಿದೆವು. ಕಾರಿಗೆ ಹತ್ತಿಸಿ ಇಳಿಸುವಾಗ ಹಾರ್ನೆಸ್ ಬಂಗಾರ. ಮೊದಲು ಇಳಿಯುವಾಗ ಮುಂಗಾಲಿನ ಮೇಲೆ ಧೊಪ್ ಅಂತ ಬೀಳುತ್ತಿದ್ದ. ಈಗ ಎರಡೂ ಹಿಡಿ ಹಿಡಿದು ಸೂಟ್‌ಕೇಸ್ ಇಳಿಸಿದ ಹಾಗೆ ನಿಧಾನಕ್ಕೆ ಇಳಿಸಬಹುದು. ಆದರೆ ಕಾರು ಓಡುವಾಗ ಇದನ್ನೇ ಸೀಟ್‌ಬೆಲ್ಟ್‌ಗೆ ಕಟ್ಟಬೇಡಿ, ಬ್ರೇಕ್ ಬಿದ್ದಾಗಿನ ಹೊಡೆತ ತಡೆಯಲಿ ಅಂತ ಮಾಡಿದ್ದಲ್ಲ ಇದು.

ತೋಟಕ್ಕೆ ಹೋದಾಗ ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿತ್ತು. ಜಗಲಿಯಲ್ಲಿ ಕೂತಿದ್ದ ಚಿಕ್ಕಪ್ಪ ನೋಡಿ, "ಏನೋ ಇದು, ನಾಯಿಗೆ ಜೀನು ಹಾಕಿದ್ದೀಯ?" ಅಂದರು. ಒಂಬತ್ತು ದಿನವೂ ಮನೆಯಲ್ಲಿ ಅದರ ಹೆಸರು ಜೀನು ಅಂತಲೇ ಆಯ್ತು. ಮೊದಲ ಎರಡು ದಿನ ತೋಟದ ಸಮತಟ್ಟು ರಸ್ತೆಯಲ್ಲಿ ಮಾತ್ರ ನಡೆಸಿದೆವು, ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಚಳಿಗೆ ಅವನ ಕಾಲು ಸೆಟೆದುಕೊಂಡಿರುತ್ತದೆ, ಎದ್ದ ಕೂಡಲೇ ಏರು ಹತ್ತಿಸಬಾರದು. ಹತ್ತು ನಿಮಿಷ ಅಂಗಳದಲ್ಲೇ ಓಡಾಡಿಸಿ, ತೊಡೆಯನ್ನು ಕೈಯಿಂದ ನೀವಿ ಬಿಸಿ ಮಾಡಿದ ಮೇಲೆ ಹೊರಡಬೇಕು.

ಮೂರನೇ ದಿನ ಬಿಸಿಲು ಬಂದ ಮೇಲೆ ದಣಪೆಗೆ ಹೋದೆವು. ಕೆಂಚ ಮತ್ತೆ ಅದೇ ಜಾಗದಲ್ಲಿ ನಿಂತ. ಈ ಸಲ ಗದ್ದ ಇಡಲಿಲ್ಲ, ಮುಂಗಾಲು ಎತ್ತಿ ಕೆಳಗಿನ ಬಿದಿರಿನ ಮೇಲಿಟ್ಟ. ಚಿಕ್ಕಪ್ಪ ಮೇಲಿನ ಬಿದಿರು ಸರಿಸಿದರು. ನಾನು ಹಿಂದಿನ ಹಿಡಿ ಹಿಡಿದು ಎತ್ತಿದೆ, ಎಳೆಯಲಿಲ್ಲ, ಬರೀ ಎತ್ತಿದೆ. ಅವನ ಹಿಂಗಾಲು ಒಂದು ಕ್ಷಣ ಗಾಳಿಯಲ್ಲಿ ನಡೆದ ಹಾಗೆ ಆಡಿ, ಆಮೇಲೆ ಬಿದಿರನ್ನು ಮುಟ್ಟಿ, ದಾಟಿತು. ಆ ಕಡೆ ಇಳಿದ ಕೂಡಲೇ ಮೈ ಕೊಡವಿ, ಮೂಗು ಹುಲ್ಲಿಗೆ ಹಾಕಿ ಹೊರಟೇಬಿಟ್ಟ. ನನಗೆ ಗಂಟಲು ಕಟ್ಟಿತು. "ಬಿಡೋ, ಹಿಡಿ ಬಿಡು, ಅದೇ ಹೋಗುತ್ತೆ" ಅಂದರು ಚಿಕ್ಕಪ್ಪ. ನಿಜ, ಅಲ್ಲಿಂದ ಮುಂದೆ ಸುಮಾರು ದೂರ ಹಿಡಿ ಬೇಕೇ ಆಗಲಿಲ್ಲ. ಇಳಿಯುವಾಗ ಬೇಕಾಯ್ತು. ಹತ್ತೋದಕ್ಕಿಂತ ಇಳಿಯೋದರಲ್ಲೇ ಹಿಡಿಯ ಕೆಲಸ ಜಾಸ್ತಿ, ಇದು ನಾನು ಅಂದುಕೊಂಡಿದ್ದಕ್ಕೆ ಪೂರ್ತಿ ವಿರುದ್ಧ. ಇಳಿಜಾರಲ್ಲಿ ಹಿಂಗಾಲು ಮೈಯನ್ನು ಹಿಡಿದು ನಿಲ್ಲಿಸಬೇಕು, ಆ ಶಕ್ತಿಯೇ ಅವನಿಗೆ ಹೋಗಿರುವುದು.

ತೊಂದರೆಗಳೂ ಇವೆ. ಹಿಂದಿನ ಹಿಡಿ ಗಿಡ್ಡ. ನಾನು 5 ಅಡಿ 10 ಇಂಚು, ಬಗ್ಗಿ ಬಗ್ಗಿ ಎರಡನೇ ದಿನಕ್ಕೇ ಸೊಂಟ ಹಿಡಿಯಿತು. ಹೆಗಲಿಗೆ ಹಾಕಿಕೊಳ್ಳುವ ಉದ್ದ ಪಟ್ಟಿ ಜೊತೆಯಲ್ಲೇ ಬರುವಂಥದ್ದನ್ನು ತಗೊಳ್ಳಿ, ಇಲ್ಲದಿದ್ದರೆ ಹಳೇ ಬ್ಯಾಗಿನ ಪಟ್ಟಿ ಕಟ್ಟಿಕೊಳ್ಳಿ, ನಾನು ಹಾಗೇ ಮಾಡಿದೆ. ಎದೆಯ ತುಂಡಿಗೆ ವೆಲ್ಕ್ರೋ ಹಾಕಿದ್ದಾರೆ. ನವೆಂಬರ್‌ನಲ್ಲಿ ಗುಡ್ಡದ ಹುಲ್ಲೆಲ್ಲ ಬೀಜ ಕಟ್ಟಿರುತ್ತದೆ, ಆ ಚುಚ್ಚುವ ಬೀಜಗಳು ವೆಲ್ಕ್ರೋ ತುಂಬಾ ಹತ್ತಿ, ಎರಡೇ ದಿನಕ್ಕೆ ಅದು ಅಂಟೋದು ನಿಂತುಹೋಯ್ತು. ಚಿಕ್ಕಮ್ಮ ಸೂಜಿ ಹಿಡಿದು ಅರ್ಧ ಗಂಟೆ ಕೂತು ತೆಗೆದರು. ಬಕಲ್ ಮಾತ್ರ ಇರುವುದು ಸಿಕ್ಕಿದರೆ ಅದೇ ವಾಸಿ. ಒಳಗಿನ ಸ್ಪಂಜು ಒದ್ದೆಯಾದರೆ ಒಂದು ದಿನಕ್ಕೆ ಒಣಗಲ್ಲ. ರಾತ್ರಿ ಬಚ್ಚಲೊಲೆಯ ಹತ್ತಿರ, ಶಾಖ ನೇರ ತಾಗದ ಹಾಗೆ, ನೇತು ಹಾಕುತ್ತಿದ್ದೆವು.

ಎಲ್ಲಕ್ಕಿಂತ ಮುಖ್ಯ, ಪ್ರತಿ ಸಲ ಮನೆಗೆ ಬಂದ ಕೂಡಲೇ ಬಿಚ್ಚಿ ಒಳಗೆ ನೋಡಿ. ನಾಲ್ಕನೇ ದಿನ ಸೊಂಟದ ಪಟ್ಟಿಯ ಅಡಿಯಲ್ಲಿ ಒಂದು ಇಂಬಳ ಸಿಕ್ಕಿತು, ರಕ್ತ ಕುಡಿದು ದ್ರಾಕ್ಷಿ ಗಾತ್ರ ಆಗಿತ್ತು. ಹಳ್ಳದ ಪಕ್ಕ ನೆರಳಲ್ಲಿ ಅವು ಇನ್ನೂ ಇರುತ್ತವೆ. ಕಿತ್ತು ಎಳೆಯಬೇಡಿ, ಉಗುರಿನಿಂದ ಬಾಯಿಯ ಪಕ್ಕ ಮೆಲ್ಲಗೆ ತಳ್ಳಿದರೆ ಬಿಡುತ್ತದೆ. ಉಣುಗು ಇನ್ನೂ ಅಪಾಯ. ಕಿವಿ ಒಳಗೆ, ಬೆರಳ ಸಂದಿ, ಕಂಕುಳು, ಬಾಲದ ಬುಡ, ಇಷ್ಟೂ ಕಡೆ ಬೆರಳು ಆಡಿಸಿ ನೋಡಬೇಕು. ನಾಯಿಗೆ ಉಣುಗಿನಿಂದ ಬರುವ ಜ್ವರ ವಯಸ್ಸಾದ ಮೈಗೆ ತಡೆಯೋದು ಕಷ್ಟ. ಉಣುಗಿಗೆ ಹಾಕುವ ಔಷಧಿಯನ್ನು ಹೊರಡುವ ಮೊದಲೇ ಡಾಕ್ಟರ್ ಕೇಳಿ ಹಾಕಿಸಿಕೊಂಡು ಹೋಗಿ.

ಇದರ ಜಾಹೀರಾತುಗಳಲ್ಲಿ ಬಿಳಿ ಗದ್ದದ ನಾಯಿ ಬೆಟ್ಟದ ತುದಿಯಲ್ಲಿ ನಿಂತಿರುವ ಫೋಟೋ ಇರುತ್ತದೆ. ಅದು ನೋಡಿ ತಗೊಳ್ಳಬೇಡಿ. ಮುಳ್ಳಯ್ಯನಗಿರಿ 1,930 ಮೀಟರ್, ಮೆಟ್ಟಿಲು, ಗಾಳಿ, ವಾರದ ಕೊನೆಯ ಜನಸಂದಣಿ, ಸೊಂಟ ಸವೆದ ನಾಯಿಗೆ ಅಲ್ಲಿ ಏನೂ ಸುಖ ಇಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು ಪ್ರದೇಶ ಇಂಥ ಕಡೆಗಳಿಗಂತೂ ಸಾಕುನಾಯಿ ಕರೆದುಕೊಂಡು ಹೋಗುವ ಹಾಗೇ ಇಲ್ಲ. ಅದರಲ್ಲಿ ಅರ್ಥ ಇದೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಕಾಡುಪ್ರಾಣಿಗಳಿಗೂ ಹರಡುತ್ತದೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸತ್ತ ಸಿಂಹಗಳಲ್ಲೂ ಆ ವೈರಸ್ ಸಿಕ್ಕಿತ್ತು. ನಿಮ್ಮವರದೇ ತೋಟ, ಗೊತ್ತಿರುವ ಗುಡ್ಡ, ಬೇಕೆಂದಾಗ ವಾಪಸ್ ಬರುವ ದಾರಿ, ಇಷ್ಟಿದ್ದರೆ ಸಾಕು. ನಾವು ಒಂಬತ್ತು ದಿನದಲ್ಲಿ ಗುಡ್ಡದ ನೆತ್ತಿಗೆ ಒಮ್ಮೆಯೂ ಹೋಗಲಿಲ್ಲ. ಅರ್ಧಕ್ಕೆ ಒಂದು ಬಂಡೆ ಇದೆ, ಅಲ್ಲಿವರೆಗೆ ಹೋಗಿ, ಅವನು ಬಿಸಿಲಿಗೆ ಮಲಗುತ್ತಿದ್ದ, ನಾವು ಪಕ್ಕದಲ್ಲಿ ಕೂರುತ್ತಿದ್ದೆವು. ಅಲ್ಲಿ ಕೂತಾಗ ಹಾರ್ನೆಸ್ ಬಿಚ್ಚಿಡಬೇಕು, ಇಲ್ಲದಿದ್ದರೆ ತೊಡೆಸಂದಿ ಕೆಂಪಾಗುತ್ತದೆ.

ಕಾಫಿ ತೋಟಕ್ಕೆ ಹೋಗುವವರಿಗೆ ಎರಡು ಮಾತು. ಕೊಯ್ಲಿನ ಕಾಲದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹತ್ತಿರ ಬಿದ್ದಿರುವ ಸಿಪ್ಪೆ ಸಿಹಿ ವಾಸನೆ ಬರುತ್ತದೆ, ನಾಯಿಗಳು ಬಾಯಿ ಹಾಕುತ್ತವೆ. ಕೆಫೀನ್ ನಾಯಿಗೆ ವಿಷ. ಕಣದ ಹತ್ತಿರ ಬಿಡಲೇಬೇಡಿ. ರಾತ್ರಿ ಹೊರಗೆ ಕಟ್ಟಲೂ ಬೇಡಿ, ಚಿರತೆಗಳು ಮನೆ ಅಂಗಳದಿಂದಲೇ ನಾಯಿ ಹೊತ್ತೊಯ್ಯುವುದು ಮಲೆನಾಡಿನವರಿಗೆ ಹೊಸ ವಿಷಯ ಅಲ್ಲ. ಕೆಂಚ ಒಳಗೆ ಗೋಣಿಚೀಲದ ಮೇಲೆ ಕಂಬಳಿ ಹಾಸಿಕೊಂಡು ಮಲಗುತ್ತಿದ್ದ. ನುಣುಪಾದ ಕೆಂಪು ನೆಲದಲ್ಲಿ ಕಾಲು ಜಾರದಿರಲಿ ಅಂತ ಚಿಕ್ಕಮ್ಮ ಬಾಗಿಲಿನವರೆಗೆ ಚಾಪೆ ಹಾಸಿದ್ದರು. ನಡೆದು ಸುಸ್ತಾಗಿದೆ ಅಂತ ನಿಮ್ಮ ನೋವಿನ ಮಾತ್ರೆ ಅದಕ್ಕೆ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಹಾಳು ಮಾಡುತ್ತದೆ.

2,400 ರೂಪಾಯಿ ಜಾಸ್ತಿ ಅನ್ನಿಸಿದರೆ ಮೊದಲು ಹಳೇ ಪಂಚೆ ಮಡಚಿ, ಹಿಂಗಾಲ ಮುಂದೆ ಹೊಟ್ಟೆಯ ಕೆಳಗೆ ಹಾಕಿ, ಎರಡು ತುದಿ ಹಿಡಿದು ನಡೆಸಿ ನೋಡಿ. ಮನೆಯ ಮೆಟ್ಟಿಲಿಗೆ ಅಷ್ಟು ಸಾಕು. ಗುಡ್ಡಕ್ಕೆ ಸಾಲದು, ಪಂಚೆ ಸರಿಯುತ್ತದೆ, ಹೊಟ್ಟೆ ಒತ್ತುತ್ತದೆ. ಹಾರ್ನೆಸ್ ತಗೊಳ್ಳುವುದಾದರೆ ನಾಯಿ ಪೂರ್ತಿ ಕಾಲು ಸೋಲುವವರೆಗೆ ಕಾಯಬೇಡಿ. ಇನ್ನೂ ಅಷ್ಟಿಷ್ಟು ನಡೆಯುವಾಗಲೇ ತಗೊಂಡರೆ ಅದಕ್ಕೂ ಅಭ್ಯಾಸ ಆಗುತ್ತದೆ, ನಿಮಗೂ ಎಷ್ಟು ಎತ್ತಬೇಕು ಅಂತ ಕೈಗೆ ತಿಳಿಯುತ್ತದೆ. ನಾನು ಒಂದು ವರ್ಷ ತಡ ಮಾಡಿದೆ, ಆ ಬೇಜಾರು ಇದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಒಂದು ಕಳೆದಿದ್ದು ವೆಲ್ಕ್ರೋ ಮತ್ತು ಗಿಡ್ಡ ಹಿಡಿಗೆ.

ಇದೇ ಗಾತ್ರದ ನಾಯಿ ಇರುವವರಿಗೆ ಕೆಂಚನ ಅಳತೆ: ಎದೆ 76 ಸೆಂ.ಮೀ., ಸೊಂಟ 58 ಸೆಂ.ಮೀ., ಬೆನ್ನು 62 ಸೆಂ.ಮೀ. ಲಾರ್ಜ್ ಸರಿಯಾಯ್ತು. ಸೊಂಟದ ಪಟ್ಟಿಯನ್ನು ಎರಡು ಬೆರಳು ತೂರುವಷ್ಟು ಬಿಟ್ಟು ಕಟ್ಟುತ್ತೇವೆ.