ಫ್ರಾಂಕೋನಿಯಾ ರಿಜ್ ಲೂಪ್: ಚಳಿಗಾಲದ ಚಾರಣಕ್ಕೆ ಎಷ್ಟು ಯೋಗ್ಯ?

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವೈಟ್ ಮೌಂಟನ್ಸ್ ಪರ್ವತಸಾಲಿನಲ್ಲಿರುವ ಫ್ರಾಂಕೋನಿಯಾ ರಿಜ್ ಲೂಪ್, ಬೇಸಿಗೆಯ ವಾರಾಂತ್ಯಗಳಲ್ಲಿ ಜನರಿಂದ ತುಂಬಿ ತುಳುಕುವ ಹಾದಿ. ಚಳಿಗಾಲದಲ್ಲಿ ಅದೇ ಹಾದಿ ಬೇರೆಯೇ ಸ್ವರೂಪ ತಾಳುತ್ತದೆ. ಸುಮಾರು 14 ಕಿಲೋಮೀಟರ್ ನಡಿಗೆ, 1,200 ಮೀಟರ್‌ಗೆ ಹತ್ತಿರದ ಏರು, ಲಿಟಲ್ ಹೇಸ್ಟ್ಯಾಕ್, ಲಿಂಕನ್, ಲಫಯೆಟ್ ಎಂಬ ಮೂರು ಶಿಖರಗಳು, ಕೊನೆಗೆ ಹೊರಟಲ್ಲಿಗೇ ಮರಳುವ ಸುತ್ತು: ಅಂಕಿಗಳಲ್ಲಿ ಹೇಳುವುದಾದರೆ ಇಷ್ಟೇ. ಈ ಹಾದಿಯ ಖ್ಯಾತಿಯೆಲ್ಲ ಶಿಖರಗಳ ನಡುವಿನ ಬಯಲು ರಿಜ್‌ನಿಂದ, ಅಂದರೆ ಮರಗಳಿಲ್ಲದ ಪರ್ವತದ ಏಣಿನಿಂದ, ಬಂದದ್ದು. ಆದರೆ ಹಿಮ ಬಿದ್ದ ಮೇಲೆ ಇಲ್ಲಿ ನಡೆದವರಿಗೆ ಕಾಡಿನ ಭಾಗವೂ ಅಷ್ಟೇ ಬೆಲೆಯುಳ್ಳದ್ದೆಂದು ತಿಳಿಯುತ್ತದೆ. ಗಾಳಿ ಬಿರುಸಾಗಿರುವ ದಿನ ಆ ಕಾಡಷ್ಟನ್ನೇ ನೋಡಿ ಹಿಂದಿರುಗಿದರೂ ಬಂದದ್ದು ವ್ಯರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸುತ್ತನ್ನು ಯಾವ ದಿಕ್ಕಿನಿಂದ ಆರಂಭಿಸಬೇಕೆಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ. ಫಾಲಿಂಗ್ ವಾಟರ್ಸ್ ಟ್ರೇಲ್‌ನಲ್ಲಿ ಹತ್ತಿ, ಓಲ್ಡ್ ಬ್ರೈಡಲ್ ಪಾತ್‌ನಲ್ಲಿ ಇಳಿಯುವುದನ್ನೇ ನಾನು ಶಿಫಾರಸು ಮಾಡುತ್ತೇನೆ. ಮೊದಲನೆಯದು ಕಡಿದಾದದ್ದು, ತೊರೆಯ ಪಕ್ಕದಲ್ಲೇ ಸಾಗುವಂಥದ್ದು. ನೀರು ಹಾದಿಯ ಮೇಲೆ ಹರಿದು ಹೆಪ್ಪುಗಟ್ಟಿದ ಕಡೆಗಳಲ್ಲಿ ಹತ್ತುವುದಕ್ಕಿಂತ ಇಳಿಯುವುದು ಬಹಳ ಕಷ್ಟ. ಇದಕ್ಕೊಂದು ಪ್ರತಿವಾದವೂ ಉಂಟು. ಈ ದಿಕ್ಕಿನಲ್ಲಿ ಹೋದರೆ ರಿಜ್ ಮೇಲೆ ಉತ್ತರಕ್ಕೆ ನಡೆಯಬೇಕಾಗುತ್ತದೆ, ಚಳಿಗಾಲದಲ್ಲಿ ಹೆಚ್ಚಾಗಿ ಬೀಸುವ ವಾಯವ್ಯದ ಗಾಳಿ ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ಮುಖವನ್ನು ಪೂರ್ತಿ ಮುಚ್ಚಿಕೊಂಡು ಆ ಗಾಳಿಯನ್ನು ಸಹಿಸಬಹುದು, ದಣಿದ ಕಾಲುಗಳಲ್ಲಿ ಮಂಜುಗಡ್ಡೆಯ ಇಳಿಜಾರನ್ನು ಎದುರಿಸುವುದು ಬೇಡ ಎಂದೇ ನಾನು ಹೇಳುತ್ತೇನೆ.

ಫಾಲಿಂಗ್ ವಾಟರ್ಸ್ ಹಾದಿಯ ಜಲಪಾತಗಳಲ್ಲಿ ದೊಡ್ಡದು ಸುಮಾರು 24 ಮೀಟರ್ ಎತ್ತರದ ಕ್ಲೌಡ್‌ಲ್ಯಾಂಡ್. ಚಳಿ ಗಟ್ಟಿಯಾಗಿ ಕಚ್ಚಿದ ಮೇಲೆ ಅದು ಬಂಡೆಗೆ ಅಂಟಿದ ಮಂಜುಗಡ್ಡೆಯ ಗೋಡೆಯಾಗುತ್ತದೆ. ಹತ್ತಿರ ನಿಂತು ನೋಡಿದರೆ ಆ ಗೋಡೆಯೆಲ್ಲ ಒಂದೇ ಬಣ್ಣದ್ದಲ್ಲ: ದಪ್ಪನಾದ ಕಡೆ ತಿಳಿನೀಲಿ, ತೆಳುವಾದ ಅಂಚಿನಲ್ಲಿ ಬಿಳಿ, ಮಣ್ಣಿನ ಮೇಲಿಂದ ಹರಿದು ಬಂದ ನೀರು ಸೇರಿದ ಜಾಗದಲ್ಲಿ ಕಂದು ಮಿಶ್ರಿತ ಹಳದಿ. ಒಳಗೆ ನೀರು ಹರಿಯುತ್ತಲೇ ಇರುವುದು ಕಿವಿಗೆ ಬೀಳುತ್ತದೆ. ಈ ಸೊಬಗಿನ ಜೊತೆಗೇ ಹಾದಿಯ ದೊಡ್ಡ ಕುಂದೂ ಇದೆ. ತೊರೆಯನ್ನು ಹಲವು ಕಡೆ ದಾಟಬೇಕು, ಹೆಚ್ಚಿನ ಕಡೆ ಸೇತುವೆಗಳಿಲ್ಲ, ಚಳಿಗಾಲದ ಆರಂಭದಲ್ಲಿ ಮೇಲ್ಪದರ ಮನುಷ್ಯನ ಭಾರ ತಾಳುವಷ್ಟು ಗಟ್ಟಿಯಾಗಿರುವುದಿಲ್ಲ. ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಹೋಗುವುದು ಹೆಚ್ಚು ಸೂಕ್ತ. ಆಗ ಹಗಲೂ ಡಿಸೆಂಬರಿಗಿಂತ ದೀರ್ಘವಾಗಿರುತ್ತದೆ.

ಮೇಲೇರಿದಂತೆ ಬರ್ಚ್ ಮರಗಳು ವಿರಳವಾಗಿ, ಫರ್ ಮತ್ತು ಸ್ಪ್ರೂಸ್ ಮರಗಳು ಒತ್ತಾಗುತ್ತವೆ. ಹಿಮದ ಆಳ ಹೆಚ್ಚಿದಷ್ಟೂ ನಡೆಯುವವನೇ ಮೇಲಕ್ಕೆ ಏರಿರುತ್ತಾನೆ, ಹಾಗಾಗಿ ಬೇಸಿಗೆಯಲ್ಲಿ ತಲೆಯಿಂದ ಬಹಳ ಮೇಲಿದ್ದ ಕೊಂಬೆಗಳು ಈಗ ಭುಜಕ್ಕೆ ತಾಗಿ, ಹೊತ್ತ ಹಿಮವನ್ನೆಲ್ಲ ಕೊರಳೊಳಗೆ ಸುರಿಯುತ್ತವೆ. ಮರದ ಕಾಂಡದ ಮೇಲಿನ ದಾರಿಗುರುತುಗಳು ಹಿಮದಲ್ಲಿ ಹೂತುಹೋಗಿರಬಹುದು. ತುಳಿದು ಗಟ್ಟಿಯಾದ ಹಾದಿಯನ್ನು ಬಿಟ್ಟು ಪಕ್ಕಕ್ಕೆ ಹೆಜ್ಜೆಯಿಟ್ಟರೆ, ಎಳೆಯ ಫರ್ ಮರಗಳ ಕೊಂಬೆಗಳ ಕೆಳಗೆ ಟೊಳ್ಳಾಗಿ ಉಳಿದ ಜಾಗಕ್ಕೆ ಸೊಂಟದವರೆಗೂ ಕುಸಿಯುವ ಸಂಭವವಿದೆ. ಹಾದಿ ಗಟ್ಟಿಯಾಗಿದ್ದರೆ ಬೂಟಿಗೆ ತೊಡಿಸುವ ಸಣ್ಣ ಮುಳ್ಳುಗಳ ಮೈಕ್ರೋಸ್ಪೈಕ್ ಸಾಕು, ಹೊಸ ಹಿಮ ಬಿದ್ದಿದ್ದರೆ ಹಿಮದಲ್ಲಿ ಹೂತುಹೋಗದಂತೆ ತಡೆಯುವ ಅಗಲವಾದ ಸ್ನೋಶೂ ಬೇಕೇ ಬೇಕು. ಬರಿಯ ಬೂಟಿನಲ್ಲಿ ನಡೆದು ಹಾದಿಯ ತುಂಬ ಆಳವಾದ ಗುಂಡಿ ಮಾಡುವವರ ಬಗ್ಗೆ ಚಾರಣಿಗರಿಗೆ ಇರುವ ಅಸಮಾಧಾನ ನ್ಯಾಯವಾದದ್ದು. ರಾತ್ರಿ ಆ ಗುಂಡಿಗಳು ಕಲ್ಲಿನಂತೆ ಗಟ್ಟಿಯಾಗಿ, ಮರುದಿನ ಬರುವವರ ಕಾಲು ಉಳುಕಿಸುತ್ತವೆ.

ಲಿಟಲ್ ಹೇಸ್ಟ್ಯಾಕ್ ತಲುಪುವ ಸ್ವಲ್ಪ ಮೊದಲು ಮರಗಳು ಗಿಡ್ಡವಾಗಿ, ಗಾಳಿಗೆ ತಿರುಚಿಕೊಂಡು, ಕೊನೆಗೆ ಇಲ್ಲವಾಗುತ್ತವೆ. ದಪ್ಪ ಜಾಕೆಟ್, ಎರಡನೆಯ ಜೊತೆ ಕೈಗವಸು, ಕನ್ನಡಕ, ಅಗತ್ಯವಿದ್ದರೆ ಬೂಟಿಗೆ ಕಟ್ಟುವ ಉದ್ದ ಮುಳ್ಳುಗಳ ಕ್ರ್ಯಾಂಪಾನ್, ಎಲ್ಲವನ್ನೂ ಆ ಕೊನೆಯ ಮರಗಳ ಮರೆಯಲ್ಲೇ ತೊಟ್ಟುಕೊಳ್ಳಬೇಕು. ಬಯಲಿಗೆ ಬಂದ ಮೇಲೆ ಜಿಪ್ ಎಳೆಯಲು ಕೈಗವಸು ತೆಗೆದರೆ ಬೆರಳುಗಳು ಬೇಗನೆ ಸ್ವಾಧೀನ ತಪ್ಪುತ್ತವೆ. ಮುಂದೆ ಲಫಯೆಟ್‌ವರೆಗಿನ ಸುಮಾರು 2.7 ಕಿಲೋಮೀಟರ್ ರಿಜ್‌ನಲ್ಲಿ ಆಸರೆಯೆಂಬುದು ಇಲ್ಲವೆಂದೇ ಹೇಳಬೇಕು. ಉಷ್ಣಾಂಶ ಮೈನಸ್ 15 ಡಿಗ್ರಿ ಸೆಲ್ಸಿಯಸ್ ಇದ್ದು, ಗಾಳಿ ಗಂಟೆಗೆ 50 ಕಿಲೋಮೀಟರ್ ಬೀಸುತ್ತಿದ್ದರೆ ಚರ್ಮಕ್ಕೆ ತಟ್ಟುವ ಚಳಿ ಮೈನಸ್ 29ರಷ್ಟು. ಮೌಂಟ್ ವಾಷಿಂಗ್ಟನ್ ಅಬ್ಸರ್ವೇಟರಿ ಎತ್ತರದ ಶಿಖರಗಳಿಗೆಂದೇ ಪ್ರತ್ಯೇಕ ಹವಾಮಾನ ಮುನ್ಸೂಚನೆ ಪ್ರಕಟಿಸುತ್ತದೆ. ಕಣಿವೆಯ ಊರುಗಳ ಮುನ್ಸೂಚನೆಯನ್ನಲ್ಲ, ಅದನ್ನೇ ನೋಡಿಕೊಂಡು ಹೊರಡಬೇಕು.

ಆಕಾಶ ತಿಳಿಯಾಗಿದ್ದ ದಿನ ರಿಜ್ ತನ್ನ ಖ್ಯಾತಿಯನ್ನು ಸಂಪೂರ್ಣವಾಗಿ ಉಳಿಸಿಕೊಳ್ಳುತ್ತದೆ. ಪೂರ್ವಕ್ಕೆ ರಸ್ತೆಯೊಂದೂ ಕಾಣದ ಪೆಮಿಜೆವಾಸೆಟ್ ಅರಣ್ಯ, ಅದರಾಚೆ ಈಶಾನ್ಯದಲ್ಲಿ 1,917 ಮೀಟರ್ ಎತ್ತರದ ವಾಷಿಂಗ್ಟನ್ ಶಿಖರ. ಪಶ್ಚಿಮದಲ್ಲಿ ಕಣಿವೆಯ ಆಚೆಗೆ ಕ್ಯಾನನ್ ಪರ್ವತ. ಮನುಷ್ಯನ ಮುಖದಂತೆ ಕಾಣುತ್ತಿದ್ದ ಅಲ್ಲಿನ ಪ್ರಸಿದ್ಧ ಬಂಡೆ 2003ರ ಮೇ 3ರಂದು ಕುಸಿದುಬಿತ್ತು. ಇಷ್ಟೆಲ್ಲ ಇದ್ದರೂ ನನ್ನ ಗಮನವನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಕಲ್ಲುಗುಪ್ಪೆಗಳ ಮೇಲೆ ಬೆಳೆದ ಹಿಮಗರಿಗಳು. ಶೂನ್ಯಕ್ಕಿಂತ ಕೆಳಗಿಳಿದೂ ದ್ರವವಾಗಿಯೇ ಉಳಿದ ಮೋಡದ ಹನಿಗಳು ಕಲ್ಲನ್ನು ಮುಟ್ಟಿದ ಕ್ಷಣ ಹೆಪ್ಪುಗಟ್ಟುವುದರಿಂದ ಅವು ಗಾಳಿ ಬರುವ ದಿಕ್ಕಿಗೇ ಚಾಚಿ ಬೆಳೆಯುತ್ತವೆ. ಹಿಂದಿನ ದಿನಗಳಲ್ಲಿ ಗಾಳಿ ಎಲ್ಲಿಂದ ಬೀಸಿತೆಂಬುದು ಅವುಗಳ ತುದಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಸುಮಾರು 1,600 ಮೀಟರ್ ಎತ್ತರದ ಲಫಯೆಟ್‌ನಿಂದ ಇಳಿದರೆ ಗ್ರೀನ್‌ಲೀಫ್ ಹಟ್ ಎಂಬ ಚಾರಣಿಗರ ತಂಗುಮನೆ ಸಿಗುತ್ತದೆ. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ, ಅಲ್ಲಿ ಬಿಸಿ ಪಾನೀಯವಾಗಲಿ ಆಶ್ರಯವಾಗಲಿ ಸಿಗುತ್ತದೆಂದು ನಂಬಿ ಹೊರಡಬಾರದು. ಅಲ್ಲಿಂದ ಕೆಳಗೆ ಓಲ್ಡ್ ಬ್ರೈಡಲ್ ಪಾತ್‌ನಲ್ಲಿ ಒಂದರ ಹಿಂದೆ ಒಂದು ಬರುವ ಕಡಿದಾದ ಇಳಿಜಾರುಗಳಿಗೆ ಚಾರಣಿಗರು 'ಅಗೊನೀಸ್', ಅಂದರೆ ಯಾತನೆಗಳು, ಎಂದೇ ಹೆಸರಿಟ್ಟಿದ್ದಾರೆ. ಅವುಗಳ ನಡುವಿನ ಬಂಡೆಯಂಚುಗಳಿಂದ ವಾಕರ್ ಕೊರಕಲಿನ ಆಚೆ, ತಾವು ಆಗಷ್ಟೇ ನಡೆದು ಬಂದ ರಿಜ್ ಉದ್ದಕ್ಕೂ ಕಾಣುತ್ತದೆ. ಮುನ್ಸೂಚನೆ ಪ್ರತಿಕೂಲವಾಗಿದ್ದರೆ ಸುತ್ತನ್ನು ಕೈಬಿಟ್ಟು ಇದೇ ಹಾದಿಯಲ್ಲಿ ಈ ಬಂಡೆಗಳವರೆಗೆ ಹತ್ತಿ ಹಿಂದಿರುಗಬಹುದು: ತೊರೆ ದಾಟುವ ತೊಂದರೆ ಇಲ್ಲ, ಬಹುಮಟ್ಟಿಗೆ ಮರಗಳ ಮರೆಯಿದೆ, ಹಿಮ ಹೊತ್ತ ಕಾಡೂ ದೂರದ ನೋಟವೂ ಎರಡೂ ಸಿಗುತ್ತವೆ. ಚಳಿಗಾಲದ ಚಾರಣಕ್ಕೆ ಹೊಸಬರಾದವರು ಮೊದಲ ಸಲ ಹೀಗೆಯೇ ಮಾಡಲಿ, ಮತ್ತು ಸಂಜೆಯೊಳಗೆ ಮರಳುವ ಲೆಕ್ಕವಿದ್ದರೂ ಹೆಡ್‌ಲ್ಯಾಂಪನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡಲಿ.