ನೀಲಿ, ಅರಿಶಿನ, ಡಬ್ಬಿ: ಕೊಪ್ಪಳದ ಬಿಸಿಲಲ್ಲಿ ಮೂರು ಬಗೆಯ ಚಿತ್ರ

ಮಾರ್ಚ್ ಕೊನೆಯ ವಾರ, ಬೆಳಿಗ್ಗೆ ಹನ್ನೊಂದು ಗಂಟೆ. ನಮ್ಮ ಮಾಳಿಗೆಯ ಮೇಲೆ ಎರಡು ಹಾಳೆ ಪಕ್ಕಪಕ್ಕ ಇಟ್ಟೆ. ಒಂದಕ್ಕೆ ಹಿಂದಿನ ರಾತ್ರಿ ಬಿಸಿಲಿಗೆ ನೀಲಿಯಾಗುವ ಸೈನೋಟೈಪ್ ದ್ರಾವಣ ಬಳಿದು ಕತ್ತಲಲ್ಲಿ ಒಣಗಿಸಿದ್ದೆ, ಇನ್ನೊಂದಕ್ಕೆ ಅರಿಶಿನ. ಎರಡರ ಮೇಲೂ ಒಂದೇ ಗಿಡದಿಂದ ಮುರಿದ ಬಳ್ಳಾರಿ ಜಾಲಿಯ ಟೊಂಗೆ, ಅದರ ಮೇಲೆ ಹಳೆಯ ಫೋಟೋ ಫ್ರೇಮಿನ ಗಾಜು, ಮೂಲೆಗಳಿಗೆ ಕ್ಲಿಪ್. ಐದು ನಿಮಿಷಕ್ಕೆಲ್ಲ ಮೊದಲ ಹಾಳೆ ಹಸಿರು ಮಿಶ್ರಿತ ಹಳದಿಯಿಂದ ನೀಲಿಗೆ ಹೊರಳಿ, ಆಮೇಲೆ ಬೂದಿ ಬಣ್ಣಕ್ಕೆ ಬಂತು. ಅರಿಶಿನದ ಹಾಳೆ ಸಂಜೆ ನಾಲ್ಕರವರೆಗೂ ಅಲ್ಲೇ ಬಿದ್ದಿತ್ತು.

ಈ ಎರಡೂ ವಿಧಾನಗಳನ್ನು ಒಬ್ಬನೇ ಮನುಷ್ಯ ಒಂದೇ ವರ್ಷ ಲೋಕಕ್ಕೆ ತಿಳಿಸಿದ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್, 1842ರಲ್ಲಿ. ಕಬ್ಬಿಣದ ಲವಣ ಬಳಸುವುದು ಸೈನೋಟೈಪ್, ಹೂವು, ಎಲೆ, ಬೇರುಗಳ ರಸ ಬಳಸುವುದು ಆಂಥೋಟೈಪ್. ಮರುವರ್ಷವೇ ಅಲ್ಲಿನ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ ಕಡಲ ಪಾಚಿಗಳನ್ನು ಹಾಳೆಯ ಮೇಲಿಟ್ಟು ನೀಲಿ ಅಚ್ಚು ತೆಗೆದರು. ಎಂಜಿನಿಯರುಗಳ ಬ್ಲೂಪ್ರಿಂಟ್ ಬಂದದ್ದೂ ಇದೇ ನೀಲಿಯಿಂದ. ನನಗೆ ಇವೆರಡರ ಹುಚ್ಚು ಹಿಡಿದು ಎರಡು ಬೇಸಿಗೆ ಆಯಿತು. ನಡುವೆ ಮೂರನೆಯದಾಗಿ ಡಬ್ಬಿ ಕ್ಯಾಮೆರಾವೂ ಸೇರಿಕೊಂಡಿತು. ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವ ಊರಿದು, ಬಿಸಿಲೇ ಎಲ್ಲ ತೀರ್ಮಾನಿಸುತ್ತದೆ ಅಂದುಕೊಂಡು ಶುರು ಮಾಡಿದೆ. ತೀರ್ಮಾನಿಸಿದ್ದು ನೀರು.

ಮೊದಲು ನೀಲಿಯ ಮಾತು. ಬೇಕಾದದ್ದು ಎರಡೇ ಪುಡಿ: ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್. ಮೊದಲಿನದು 100 ಮಿಲಿ ನೀರಿಗೆ 25 ಗ್ರಾಂ, ಎರಡನೆಯದು 100 ಮಿಲಿಗೆ 10 ಗ್ರಾಂ. ಬೇರೆಬೇರೆ ಕಂದು ಬಣ್ಣದ ಬಾಟಲಿಯಲ್ಲಿಟ್ಟು, ಬಳಿಯುವ ಹೊತ್ತಿಗೆ ಮಾತ್ರ ಸಮಸಮ ಬೆರೆಸಬೇಕು. ಎರಡನೆಯ ಪುಡಿಗೆ ತೀಕ್ಷ್ಣ ಆಮ್ಲ ತಾಗಬಾರದು, ಅದನ್ನು ಕಾಯಿಸಲೂಬಾರದು, ವಿಷಗಾಳಿ ಹುಟ್ಟುತ್ತದೆ. ಅಳತೆಯ ಚಮಚ, ಬಟ್ಟಲು, ಬ್ರಷ್ಷುಗಳನ್ನು ಅಡಿಗೆ ಮನೆಯಿಂದ ದೂರವೇ ಇಟ್ಟಿದ್ದೇನೆ, ಕೈಗೆ ಗ್ಲೌಸ್ ಹಾಕದೆ ಮುಟ್ಟುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ ಎರಡೂ ಪುಡಿಗೆ ಸಾವಿರ ರೂಪಾಯಿ ಹತ್ತಿರ ಹೋಯಿತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಚಿಕ್ಕ ಹಾಳೆ ಮಾಡಿದ್ದೇನೆ, ಇನ್ನೂ ಉಳಿದಿದೆ.

ಮೊದಲ ತಿಂಗಳು ಒಂದೂ ಸರಿ ಬರಲಿಲ್ಲ. ಬಿಸಿಲಿನಿಂದ ತೆಗೆದಾಗ ಚೆನ್ನಾಗಿ ಕಾಣುತ್ತಿದ್ದ ಚಿತ್ರ ಬಕೆಟ್ಟಿನಲ್ಲಿ ತೊಳೆಯುತ್ತಿದ್ದಂತೆ ಸಪ್ಪಗಾಗುತ್ತಿತ್ತು. ಜಾಲಿಯ ಎಲೆಗಳು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು ಅಷ್ಟೇ, ಒಂದೊಂದೂ ಬಿಡಿಬಿಡಿಯಾಗಿ ಮೂಡಬೇಕು. ನನ್ನ ಹಾಳೆಯಲ್ಲಿ ಅವೆಲ್ಲ ತೆಳು ನೀಲಿಯಲ್ಲಿ ಕರಗಿ ಹೋಗುತ್ತಿದ್ದವು. ಬಿಸಿಲು ಸಾಲದು ಅಂದುಕೊಂಡು ಐದು ನಿಮಿಷವನ್ನು ಎಂಟು ಮಾಡಿದೆ, ಹನ್ನೆರಡು ಮಾಡಿದೆ. ಕಾಗದ ಬದಲಿಸಿದೆ. ಪುಡಿ ಹಳತೇನೋ ಎಂಬ ಅನುಮಾನವೂ ಬಂತು.

ಒಂದು ದಿನ ಹಿತ್ತಲಲ್ಲಿ ಕುಳಿತು ತೊಳೆಯುವಾಗ ಅವ್ವ ನಿಂತು ನೋಡಿದಳು. "ಆ ಸವಳ ನೀರಾಗ ಬ್ಯಾಳಿನ ಬೇಯಂಗಿಲ್ಲ. ನಿನ್ನ ನೀಲಿ ಎಲ್ಲಿಂದ ಹಿಡೀತೈತಿ? ನಳದ ನೀರು ತಗೋಬಾರದೇನು?" ಅಂದಳು.

ಅವ್ವನ ಮಾತಿನಲ್ಲಿ ಇಡೀ ರಸಾಯನಶಾಸ್ತ್ರ ಇತ್ತು. ಹಾಳೆಯ ಮೇಲೆ ಮೂಡುವ ನೀಲಿ ಪ್ರಷ್ಯನ್ ಬ್ಲೂ ಎಂಬ ಕಬ್ಬಿಣದ ಬಣ್ಣ. ಹುಳಿ ಅದಕ್ಕೆ ಒಗ್ಗುತ್ತದೆ, ಕ್ಷಾರ ಒಗ್ಗುವುದಿಲ್ಲ. ನಮ್ಮ ಬೋರ್ ನೀರು ಗಡಸು, ಜೊತೆಗೆ ಕ್ಷಾರ. ಬೇಳೆ ಬೇಯಗೊಡದ ನೀರು ನನ್ನ ಬಣ್ಣವನ್ನೂ ಕೀಳುತ್ತಿತ್ತು. ಮರುದಿನ ಒಂದೇ ಹಾಳೆಯನ್ನು ಬಿಸಿಲಿಗಿಟ್ಟು, ತೆಗೆದು, ಕತ್ತರಿಯಿಂದ ಮೂರು ಪಟ್ಟಿ ಮಾಡಿದೆ. ಒಂದು ಬೋರ್ ನೀರಿಗೆ. ಒಂದು ನಳದಲ್ಲಿ ಬರುವ ತುಂಗಭದ್ರೆಯ ಹೊಳೆ ನೀರಿಗೆ. ಮೂರನೆಯದು ಬೋರ್ ನೀರಿಗೇ, ಆದರೆ ಲೀಟರಿಗೆ ಕಾಲು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ. ಮೂರನ್ನೂ ಹತ್ತು ನಿಮಿಷ ಬಿಟ್ಟು ಹಗ್ಗಕ್ಕೆ ನೇತುಹಾಕಿದೆ. ಮೊದಲ ಪಟ್ಟಿ ಒಗೆದೊಗೆದು ಬಣ್ಣ ಹೋದ ಶಾಲೆಯ ಯೂನಿಫಾರ್ಮಿನ ಹಾಗಿತ್ತು. ಎರಡನೆಯದು ಗಟ್ಟಿ ನೀಲಿ. ಮೂರನೆಯದು ಅದಕ್ಕಿಂತ ಒಂದು ಕೈ ಮೇಲು, ಎಲೆಯ ಕಡ್ಡಿಯೂ ಕೂದಲೆಳೆಯಂತೆ ಬೆಳ್ಳಗೆ ಮೂಡಿತ್ತು. ಮರುದಿನದ ಹೊತ್ತಿಗೆ ಗಾಳಿಗೆ ಇನ್ನಷ್ಟು ಕಪ್ಪೇರಿತು. ಆ ಮೂರು ಪಟ್ಟಿಗಳನ್ನು ಒಂದು ರಟ್ಟಿಗೆ ಅಂಟಿಸಿ ಇವತ್ತಿಗೂ ಬಾಟಲಿಗಳ ಪಕ್ಕ ನಿಲ್ಲಿಸಿದ್ದೇನೆ.

ಅರಿಶಿನದ್ದು ಬೇರೆಯೇ ಸ್ವಭಾವ. ಅದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಬಿಳಿ ಅಂಗಿಗೆ ಸಾರಿನ ಅರಿಶಿನ ಬಿದ್ದರೆ ಸೋಪು ಹಚ್ಚಿದೊಡನೆ ಕೆಂಪಾಗುತ್ತದೆ, ಬಿಸಿಲಿಗೆ ಒಣಹಾಕಿದರೆ ಕಲೆಯೇ ಮಾಯ. ಆಂಥೋಟೈಪ್ ಅಂದರೆ ಇಷ್ಟೇ. ಬಿಸಿಲು ಬಿದ್ದಲ್ಲಿ ಹಳದಿ ಹಾರುತ್ತದೆ, ನೆರಳಿದ್ದಲ್ಲಿ ಉಳಿಯುತ್ತದೆ. ಉಳಿದದ್ದಕ್ಕೆ ಕ್ಷಾರ ತೋರಿಸಿದರೆ ಕೆಂಪು.

ಅರ್ಧ ಬಟ್ಟಲು ಸ್ಪಿರಿಟ್ಟಿಗೆ ಎರಡು ಚಮಚ ಅರಿಶಿನ ಪುಡಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ, ಹಾಳೆಗೆ ಎರಡು ಸಲ ಬಳಿದೆ. ಸ್ಪಿರಿಟ್ ಬೇಗ ಆರುವುದರಿಂದ ಬ್ರಷ್ ಗೆರೆ ಉಳಿಯುತ್ತದೆ. ಅಗಲವಾದ ಸ್ಪಂಜಿನಲ್ಲಿ ಒಂದೇ ಎಳೆತಕ್ಕೆ ಬಳಿದರೆ ಸಮ ಬರುತ್ತದೆ. ಬೆಂಕಿ ಹತ್ತಿರ ಇರಬಾರದು ಅನ್ನುವುದೊಂದೇ ಎಚ್ಚರಿಕೆ. ಅಣ್ಣನ ಮಗಳು ಐದನೇ ಕ್ಲಾಸು. ನೀಲಿಯ ಪುಡಿಗಳನ್ನು ಅವಳ ಕೈಗೆ ಕೊಡಲಾರೆ, ಅರಿಶಿನವನ್ನು ಧಾರಾಳವಾಗಿ ಬಿಟ್ಟುಕೊಟ್ಟೆ. ಸಂಜೆ ಟೊಂಗೆ ಎತ್ತಿದಾಗ ಕೆನೆ ಬಣ್ಣದ ಹಾಳೆಯ ಮೇಲೆ ಹಳದಿ ಜಾಲಿ ಮಂಕಾಗಿ ಕಾಣುತ್ತಿತ್ತು, ಹುಡುಗಿಯ ಮುಖ ಬಾಡಿತು. ಬಿಳಿಗಾರವನ್ನು (ಬೋರಾಕ್ಸ್, ಇದೂ ಕ್ಷಾರವೇ) ನೀರಲ್ಲಿ ಕರಗಿಸಿ ಸ್ಪ್ರೇ ಬಾಟಲಿಗೆ ತುಂಬಿ ಅವಳ ಕೈಗೇ ಕೊಟ್ಟೆ. ಒಂದು ಸಲ ಒತ್ತಿದಳು. ಟೊಂಗೆಯ ತುದಿಯಿಂದ ಬುಡದವರೆಗೆ ಒಂದೊಂದೇ ಎಲೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಾ ಹೋಯಿತು, ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಕದಡಿದಾಗ ಓಕುಳಿ ಏಳುವ ಹಾಗೆ. "ಅತ್ತಿ, ಎಲಿ ಕೆಂಪಗಾತು ನೋಡ!" ಅಂತ ಮಾಳಿಗೆಯಿಡೀ ಓಡಾಡಿದಳು.

ಸುಣ್ಣದ ತಿಳಿನೀರನ್ನೂ ಹಾಕಿ ನೋಡಿದೆ. ಆ ಕ್ಷಣಕ್ಕೆ ಬಿಳಿಗಾರಕ್ಕಿಂತ ಗಾಢ ಕೆಂಪು, ಒಣಗಿದ ಮೇಲೆ ಮಾಸಲು ಕಂದು. ಬಿಳಿಗಾರದ ಕೆಂಪು ಒಣಗಿದ ಮೇಲೂ ನಿಂತಿತು. ನೀಲಿಯನ್ನು ಕೆಡಿಸುತ್ತಿದ್ದ ಬೋರ್ ನೀರನ್ನು ಚಿಮುಕಿಸಿದರೆ ಹಳದಿ ಸ್ವಲ್ಪ ಕಿತ್ತಳೆಗೆ ತಿರುಗುತ್ತದೆ. ಒಂದಕ್ಕೆ ಹಗೆಯಾದದ್ದು ಇನ್ನೊಂದಕ್ಕೆ ನೆಂಟ. ಇದು ಕಂಡ ದಿನ ನನಗಾದ ಖುಷಿ ಒಳ್ಳೆಯ ಚಿತ್ರ ಬಂದ ದಿನವೂ ಆಗಿಲ್ಲ.

ಆದರೆ ಅರಿಶಿನ ನಿಲ್ಲುವುದಿಲ್ಲ. ಮಾಡಿದ ಬಿಸಿಲೇ ಅದನ್ನು ಅಳಿಸುತ್ತದೆ, ತಡೆಯುವ ಉಪಾಯ ಯಾವುದೂ ನನ್ನ ಕೈಗೆ ಹತ್ತಿಲ್ಲ. ಒಂದೇ ದಿನ ಮಾಡಿದ ಎರಡು ಹಾಳೆಗಳಲ್ಲಿ ಒಂದನ್ನು ಪಡಸಾಲೆಯ ಗೋಡೆಗೆ ಹಾಕಿದೆ, ಇನ್ನೊಂದನ್ನು ಪುಸ್ತಕದೊಳಗಿಟ್ಟೆ. ಎರಡು ತಿಂಗಳಿಗೆ ಗೋಡೆಯದು ಹುಡುಕಿದರೆ ಮಾತ್ರ ಕಾಣುವಷ್ಟಾಯಿತು. ಪುಸ್ತಕದೊಳಗಿನದು ಹಾಗೇ ಇದೆ. ನೀಲಿ ಹಾಗಲ್ಲ. ಬಹಳ ಬೆಳಕಿಗೆ ಸ್ವಲ್ಪ ಮಂಕಾದರೂ ಕೆಲವು ದಿನ ಕತ್ತಲಲ್ಲಿಟ್ಟರೆ ಮರಳಿ ಬರುತ್ತದೆ. ಯಾರಿಗಾದರೂ ಕೊಡುವುದಿದ್ದರೆ ನೀಲಿಯನ್ನೇ ಕೊಡುತ್ತೇನೆ.

ಫೋಟೋ ಇಳಿಸುವಾಗ ಇನ್ನೊಂದು ವ್ಯತ್ಯಾಸ ಬರುತ್ತದೆ. ಬಿಸಿಲು ಬಿದ್ದಲ್ಲಿ ನೀಲಿ ಕಪ್ಪಾಗುತ್ತದೆ, ಹಾಗಾಗಿ ಅದಕ್ಕೆ ನೆಗೆಟಿವ್ ಬೇಕು. ಅರಿಶಿನ ಬಿಳಿಚುತ್ತದೆ, ಅದಕ್ಕೆ ಚಿತ್ರ ಇದ್ದ ಹಾಗೇ ಸಾಕು. ಕೊಪ್ಪಳ ಕೋಟೆಯ ಬಂಡೆಗಳ ಫೋಟೋ ಒಂದನ್ನು ಮೊಬೈಲಿನಲ್ಲೇ ನೆಗೆಟಿವ್ ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆಗೆ ಪ್ರಿಂಟ್ ಹಾಕಿಸಿದೆ. ಒಂದೇ ಹಾಳೆಯಾದರೆ ಕಪ್ಪು ಸಾಲದೆ ಬಿಸಿಲು ನುಗ್ಗುತ್ತದೆ. ಎರಡು ಪ್ರಿಂಟ್ ಹಾಕಿಸಿ ಒಂದರ ಮೇಲೊಂದು ಸರಿಯಾಗಿ ಕೂರಿಸಿ ಟೇಪು ಹಚ್ಚಿ, ಹನ್ನೆರಡು ನಿಮಿಷ ಇಟ್ಟೆ. ಬಂಡೆಯ ಬಿರುಕು, ಗೋಡೆಯ ಕಲ್ಲಿನ ಸಂದು ಎಲ್ಲ ಬಂದವು. ಅರಿಶಿನದಲ್ಲಿ ಅದೇ ಚಿತ್ರಕ್ಕೆ ಎರಡು ದಿನ ಹಿಡಿಯಿತು, ಬಂದದ್ದು ಬರೀ ಗುಡ್ಡದ ಆಕಾರ. ಫೋಟೋ ಇಳಿಸಲು ಅರಿಶಿನವನ್ನು ನಾನು ಮತ್ತೆ ಬಳಸಿಲ್ಲ. ಎಲೆ, ಹೂವು, ಕತ್ತರಿಸಿದ ರಂಗೋಲಿ ಚಿತ್ತಾರ, ಇಂಥವಕ್ಕೆ ಅದು ಲೇಸು.

ಕಾಗದದ ಕಥೆಯೂ ನೀರಿನ ಕಥೆಯೇ. ಅಗ್ಗದ ಡ್ರಾಯಿಂಗ್ ಶೀಟಿನಲ್ಲಿ ಸುಣ್ಣದಂಥ ಪುಡಿ ಬೆರೆತಿರುತ್ತದೆ, ಅದೂ ನೀಲಿಗೆ ಆಗಿಬರುವುದಿಲ್ಲ. ಕಾಗದಕ್ಕೆ ಬಿಗಿ ಕೊಡಲು ಅಕ್ಕಿ ಗಂಜಿಯ ತಿಳಿ ಬಳಿದು ಒಣಗಿಸಿದರೆ ದ್ರಾವಣ ಒಳಗಿಳಿಯದೆ ಮೇಲೇ ನಿಲ್ಲುತ್ತದೆ. ಕಿನ್ನಾಳದ ಗೊಂಬೆ ಕೆಲಸದಲ್ಲಿ ಹುಣಸೆ ಬೀಜದ ಅಂಟು ಬಳಸುತ್ತಾರಲ್ಲ, ಅದನ್ನೂ ಪ್ರಯತ್ನಿಸಿದೆ. ಹುರಿದು ಸಿಪ್ಪೆ ಪೂರ್ತಿ ತೆಗೆದು ಮಾಡಿದ ಅಂಟು ಗಂಜಿಗಿಂತ ಗಟ್ಟಿ, ಹಾಳೆ ಮಡಿಚಿದರೂ ಬಿರಿಯಲಿಲ್ಲ. ಸಿಪ್ಪೆ ಸ್ವಲ್ಪ ಉಳಿದಿದ್ದ ಮೊದಲ ಸಲ ಮಾತ್ರ ಹಾಳೆಯ ತುಂಬ ನೇರಳೆ ಕಪ್ಪು ಮಚ್ಚೆ ಎದ್ದವು. ಸಿಪ್ಪೆಯ ಒಗರಿಗೆ ಕಬ್ಬಿಣ ಸೇರಿದರೆ ಮಸಿ ಆಗುತ್ತದೆ, ಹಳೆಯ ಕಾಲದ ಶಾಯಿಯ ಹಾಗೆ. ಆ ಮಚ್ಚೆಗಳು ಆಮೇಲೆ ಬೇರೆ ದಾರಿ ತೋರಿಸಿದವು.

ಇನ್ನು ಡಬ್ಬಿ ಕ್ಯಾಮೆರಾ. ಹಾಲಿನ ಪುಡಿಯ ಡಬ್ಬಿಗೆ ಒಳಗೆಲ್ಲ ಕಪ್ಪು ಬಣ್ಣ, ಬದಿಗೊಂದು ಕಿಂಡಿ, ಆ ಕಿಂಡಿಗೆ ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ತಗಡು, ತಗಡಿಗೆ ಸೂಜಿಮೊನೆಯ ತೂತು. ಒಳಗೆ ಫೋಟೋ ಕಾಗದ. ಲೆನ್ಸ್ ಇಲ್ಲ, ತೂತಿನಿಂದ ಬಂದ ಬೆಳಕು ಎದುರಿನ ಗೋಡೆಗೆ ತಲೆಕೆಳಗಾಗಿ ಬೀಳುತ್ತದೆ. ಹೊಳೆಯಾಚೆ ಹಂಪಿಯ ವಿರೂಪಾಕ್ಷ ಗುಡಿಯ ಹಿಂಭಾಗದ ಕೋಣೆಯಲ್ಲಿ ರಾಜಗೋಪುರದ ನೆರಳು ತಲೆಕೆಳಗಾಗಿ ಗೋಡೆಗೆ ಬೀಳುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಆ ಕೋಣೆಯ ಕಿಂಡಿಯೇ ತೂತು, ಕೋಣೆಯೇ ಡಬ್ಬಿ.

ಆನೆಗೊಂದಿಯ ಹೊಳೆದಂಡೆಯಲ್ಲಿ ಬಂಡೆಗಳ ಎದುರು ಡಬ್ಬಿಯನ್ನು ಮರಳಲ್ಲಿ ಹೂತು, ತೂತಿಗೆ ಅಂಟಿಸಿದ್ದ ಟೇಪು ಕಿತ್ತು, ಐವತ್ತು ಎಣಿಸಿ ಮತ್ತೆ ಮುಚ್ಚಿದೆ. ರಾತ್ರಿ ಬಚ್ಚಲಲ್ಲಿ ಕೆಂಪು ಬಲ್ಬಿನ ಕೆಳಗೆ ತೊಳೆದಾಗ ನೆಗೆಟಿವ್ ಮೂಡಿತು: ಆಕಾಶ ಕಪ್ಪು, ಬಂಡೆ ಬೆಳ್ಳಗೆ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಗುಡಿಗಳನ್ನು ತೆಗೆದದ್ದೂ ಕಾಗದದ ನೆಗೆಟಿವಿನ ಮೇಲೆ, ಬೆಳಕು ದಾಟಲೆಂದು ಅದಕ್ಕೆ ಮೇಣ ಸವರುತ್ತಿದ್ದರು. ಅದು ನೆನಪಾಗಿ ಸ್ವಲ್ಪ ಹೊತ್ತು ಆ ಒದ್ದೆ ಹಾಳೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದೆ. ಆದರೂ ನಿಜ ಹೇಳಬೇಕು: ಹತ್ತು ಹಾಳೆಯಲ್ಲಿ ಸರಿ ಬಂದದ್ದು ನಾಲ್ಕು. ಕಾಗದ ಬೆಂಗಳೂರಿನಿಂದ ಬರಬೇಕು, ತೊಳೆಯುವ ದ್ರಾವಣ ಬೇರೆ, ಕತ್ತಲ ಕೋಣೆ ಬೇರೆ. ಮೂರರಲ್ಲಿ ಇದೇ ದುಬಾರಿ. ವರ್ಷಕ್ಕೊಮ್ಮೆ ಮಾಡಿದರೆ ನನಗೆ ಸಾಕು. ಸರಿ ಬಂದ ನಾಲ್ಕನ್ನು ಮೊಬೈಲಿನಲ್ಲಿ ಹಿಡಿದು, ಪ್ಲಾಸ್ಟಿಕ್ ಹಾಳೆಗೆ ಇಳಿಸಿ, ನೀಲಿಯಲ್ಲಿ ಅಚ್ಚು ಹಾಕಿದ್ದೇನೆ. ಡಬ್ಬಿಯ ಮಸುಕು ಅಂಚು ನೀಲಿಯಲ್ಲಿ ಬಹಳ ಒಪ್ಪುತ್ತದೆ.

ಹೊಸದಾಗಿ ಕೈಹಾಕುವವರು ಮನೆಯಲ್ಲಿ ಯಾವ ನೀರು ಬರುತ್ತದೆ ಎಂದು ಮೊದಲು ನೋಡಿ. ಬರೀ ಬೋರ್ ನೀರಿದ್ದು ಮಕ್ಕಳೂ ಜೊತೆಗಿದ್ದರೆ ಅರಿಶಿನದಿಂದ ಶುರು ಮಾಡಿ, ಒಂದು ಪೈಸೆ ದಂಡವಾಗದು. ಹೊಳೆ ನೀರು ಸಿಗುತ್ತದೆ, ಅಥವಾ ನಿಂಬೆ ಉಪ್ಪು ಹಾಕುವ ತಾಳ್ಮೆ ಇದೆ ಅಂದರೆ ನೀಲಿ. ಎಲೆಗಳನ್ನು ಹಿಂದಿನ ದಿನವೇ ಪುಸ್ತಕದಲ್ಲಿ ಒತ್ತಿಡಿ. ಹಸಿ ಎಲೆ ನಮ್ಮ ಬಿಸಿಲಿಗೆ ಗಾಜಿನ ಕೆಳಗೆ ಬೆವತು ಹಾಳೆಗೆ ಕಲೆ ಬೀಳಿಸುತ್ತದೆ. ಬಟ್ಟೆಗೆ ನೀಲಿ ಹಾಕಿದ್ದರೆ ಸೋಪಿನ ಪುಡಿ ಮುಟ್ಟಿಸಬೇಡಿ. ನನ್ನದೊಂದು ಕರ್ಚೀಫು ಒಂದೇ ಒಗೆತಕ್ಕೆ ಹಳದಿಯಾಯಿತು.

ಆ ಕರ್ಚೀಫನ್ನು ಎಸೆಯದೆ ಇಟ್ಟಿದ್ದೆ. ಹುಣಸೆ ಸಿಪ್ಪೆಯ ಮಚ್ಚೆ ನೆನಪಾಗಿ, ಕುಷ್ಟಗಿಯಿಂದ ಬಂದ ದಾಳಿಂಬೆಯ ಸಿಪ್ಪೆ ಕುದಿಸಿ ಆರಿಸಿ ಅದರಲ್ಲಿ ನೆನೆಹಾಕಿದೆ. ಅರ್ಧ ಗಂಟೆಗೆ ಹಳದಿ ಹೋಗಿ ಕಂದುಗಪ್ಪು ಬಣ್ಣದ ನಡುವೆ ಬೇವಿನ ಎಲೆ ಮತ್ತೆ ಎದ್ದು ಬಂತು, ಗರಗಸದಂಥ ಅಂಚಿನ ಸಮೇತ. ಈಗ ಬೇಕೆಂದೇ ಹಾಗೆ ಮಾಡುತ್ತಿದ್ದೇನೆ: ಗಟ್ಟಿ ನೀಲಿ ಅಚ್ಚನ್ನು ವಾಷಿಂಗ್ ಸೋಡಾದ ತೆಳು ನೀರಿನಲ್ಲಿ ಹಳದಿಯಾಗುವವರೆಗೆ ಬಿಟ್ಟು, ಹೊಳೆ ನೀರಲ್ಲಿ ಜಾಲಾಡಿ, ದಾಳಿಂಬೆ ಕಷಾಯಕ್ಕೆ ಇಳಿಸುವುದು. ಅವ್ವ ಸಿಪ್ಪೆಗಳನ್ನು ಮೊರದಲ್ಲಿ ಹರವಿ ಮಾಳಿಗೆಯ ಮೇಲೆ ಒಣಗಲು ಇಟ್ಟಿದ್ದಾಳೆ. ಭಾನುವಾರ ಸೋಡಾದ ಬದಲು ಬೋರ್ ನೀರನ್ನೇ ರಾತ್ರಿಯಿಡೀ ಬಿಟ್ಟು ನೋಡುವವಳಿದ್ದೇನೆ.