ಮನೆಯ ಟಿವಿ ಕಂಪ್ಯೂಟರ್‌ನಲ್ಲಿ ರೆಕಾರ್ಡಿಂಗ್: ಟಿವಿಹೆಡ್‌ಎಂಡ್ ಜೊತೆ ನಾಲ್ಕು ವರ್ಷ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಟಿವಿಯ ಕೆಳಗೆ ಒಂದು ಪುಟ್ಟ ಕಂಪ್ಯೂಟರ್ ಬಂದು ಕೂತು ನಾಲ್ಕು ವರ್ಷ ತುಂಬಿತು. ಅದಕ್ಕೆ 8 ಜಿಬಿ ಮೆಮೊರಿ, ಡೆಬಿಯನ್ ಲಿನಕ್ಸ್, ಯುಎಸ್‌ಬಿಗೆ ಸಿಕ್ಕಿಸಿದ ಒಂದು ಉಪಗ್ರಹ ಟ್ಯೂನರ್ (ಡಿಶ್‌ನ ಸಿಗ್ನಲ್‌ನಿಂದ ಬೇಕಾದ ವಾಹಿನಿಯನ್ನು ಹಿಡಿಯುವ ಸಾಧನ), ರೆಕಾರ್ಡಿಂಗ್‌ಗಳಿಗಾಗಿ ಹೊರಗೆ ಜೋಡಿಸಿದ 2 ಟಿಬಿ ಹಾರ್ಡ್ ಡಿಸ್ಕ್ ಇವೆ. ತಾರಸಿಯ ಮೇಲಿನ 60 ಸೆಂ.ಮೀ. ಡಿಶ್‌ನಿಂದ ಡಿಡಿ ಫ್ರೀ ಡಿಶ್ ಸಿಗ್ನಲ್ ಬರುತ್ತದೆ. ಟಿವಿಹೆಡ್‌ಎಂಡ್ ಎಂಬ ಉಚಿತ ತಂತ್ರಾಂಶ ಅದನ್ನು ಹಿಡಿದು ರೆಕಾರ್ಡ್ ಮಾಡುತ್ತದೆ. ಕೋಡಿ ಎಂಬ ಇನ್ನೊಂದು ತಂತ್ರಾಂಶ ಅದನ್ನು ಟಿವಿ ಪರದೆಯ ಮೇಲೆ ತೋರಿಸುತ್ತದೆ. ಗೂಢಲಿಪಿ ಹಾಕಿದ ವಾಹಿನಿಗಳು ಇದರಲ್ಲಿ ಕಾಣುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡು ಕೊಂಡದ್ದು. ಅಮ್ಮನಿಗೆ ಬೇಕಾದದ್ದು ಚಂದನ ವಾಹಿನಿ. ಮೊಣಕಾಲು ನೋವಿನಿಂದ ಹೊರಗೆ ಹೆಚ್ಚು ಓಡಾಡಲಾಗದ ಅವರು ತಮಗೆ ಬಿಡುವಾದಾಗ ನೋಡಲಿ ಎಂದು ಇಷ್ಟೆಲ್ಲ ಏರ್ಪಾಡು ಮಾಡಿದೆ.

ಈ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಮೊದಲ ಒಂದೂವರೆ ವರ್ಷ ರೆಕಾರ್ಡಿಂಗ್‌ಗಳು ತಪ್ಪಿದ್ದು, ಅರ್ಧಕ್ಕೆ ನಿಂತದ್ದು, ಒಡೆದ ಚಿತ್ರಗಳಾಗಿ ಉಳಿದದ್ದು ಎಷ್ಟೋ ಸಲ. ಪ್ರತಿ ಸಲವೂ ಟ್ಯೂನರ್ ಕೆಟ್ಟಿದೆ ಎಂದೇ ನಾನು ಅಂದುಕೊಂಡೆ, ಒಮ್ಮೆ ಹೊಸದನ್ನು ಕೊಂಡೂ ತಂದೆ. ಟ್ಯೂನರ್ ಒಂದು ಸಲವೂ ಕೆಟ್ಟಿರಲಿಲ್ಲ. ರೆಕಾರ್ಡಿಂಗ್ ಯಾವ ಗಳಿಗೆಯಲ್ಲಿ, ಎಷ್ಟು ಹೊತ್ತು ನಡೆದ ಮೇಲೆ, ದಿನದ ಯಾವ ಸಮಯದಲ್ಲಿ ಕೆಟ್ಟಿತು ಎಂದು ಬರೆದಿಟ್ಟುಕೊಳ್ಳಲು ಶುರು ಮಾಡಿದ ದಿನದಿಂದ ಕಾರಣಗಳು ಒಂದೊಂದಾಗಿ ತಾವೇ ಹೊರಬಿದ್ದವು.

ಮೊದಲ ಪಾಠ ಕಲಿಸಿದ್ದು ದಸರೆ. ಆ ವರ್ಷದ ವಿಜಯದಶಮಿಯ ದಿನ ಜಂಬೂ ಸವಾರಿಯ ನೇರಪ್ರಸಾರವನ್ನು ಮಧ್ಯಾಹ್ನ 1 ಗಂಟೆಯಿಂದ ಸಂಜೆ 6ರವರೆಗೆ ರೆಕಾರ್ಡ್ ಮಾಡಲು ಹಚ್ಚಿ, ನಾವೆಲ್ಲ ಬನ್ನಿಮಂಟಪದ ಕಡೆಯ ನೆಂಟರ ಮನೆಗೆ ಹೋಗಿದ್ದೆವು. ರಾತ್ರಿ ಮನೆಗೆ ಬಂದು ಹಾಕಿದರೆ ಸ್ತಬ್ಧಚಿತ್ರಗಳು ಬಂದವು, ಕಲಾತಂಡಗಳು ಬಂದವು, ಸಂಜೆ 4 ಗಂಟೆ 11 ನಿಮಿಷದ ಹೊತ್ತಿನ ದೃಶ್ಯಕ್ಕೆ ಚಿತ್ರ ನಿಂತುಹೋಯಿತು. "ಅಂಬಾರಿ ಆನೆ ಬರೋ ಹೊತ್ತಿಗೇ ನಿಂತ್ಹೋಗಿದೆಯಲ್ಲೋ" ಎಂದು ಅಮ್ಮ ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ನೋಡಲೆಂದೇ ಅವರು ಅಷ್ಟು ಹೊತ್ತು ಕಾದು ಕೂತಿದ್ದರು.

ಕರೆಂಟ್ ಹೋಗಿರಲಿಲ್ಲ, ಸಿಗ್ನಲ್ ಚೆನ್ನಾಗಿತ್ತು, ಡಿಸ್ಕ್‌ನಲ್ಲಿ ಒಂದೂವರೆ ಟಿಬಿಗಿಂತ ಹೆಚ್ಚು ಜಾಗ ಖಾಲಿ ಇತ್ತು. ಆ ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ ತೆರೆದು ನೋಡಿದಾಗ ಕಂಡ ಸಂಖ್ಯೆ 4,294,967,295. ಅದು ಸರಿಯಾಗಿ 4 ಜಿಬಿಗೆ ಒಂದೇ ಒಂದು ಬೈಟ್ ಕಡಿಮೆ. ಕಾರು, ಟಿವಿ, ಕಂಪ್ಯೂಟರ್ ಎಲ್ಲದಕ್ಕೂ ಹೊಂದಲಿ ಎಂದು ಆ ಡಿಸ್ಕನ್ನು ನಾನೇ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ್ದೆ, ಮತ್ತು ಫ್ಯಾಟ್32ರಲ್ಲಿ ಒಂದು ಫೈಲು ಅದಕ್ಕಿಂತ ದೊಡ್ಡದಾಗುವಂತೆಯೇ ಇಲ್ಲ. ನಮ್ಮ ಮನೆಯ ರೆಕಾರ್ಡಿಂಗ್‌ಗಳು ಸೆಕೆಂಡಿಗೆ ಸುಮಾರು 3 ಮೆಗಾಬಿಟ್‌ನಂತೆ ಬೆಳೆಯುತ್ತವೆ. ಆ ಲೆಕ್ಕದಲ್ಲಿ 4 ಜಿಬಿ ತುಂಬಲು ಬೇಕಾದದ್ದು 3 ಗಂಟೆ 11 ನಿಮಿಷ. ಅರ್ಧ ಗಂಟೆಯ, ಒಂದು ಗಂಟೆಯ ಕಾರ್ಯಕ್ರಮಗಳನ್ನೇ ರೆಕಾರ್ಡ್ ಮಾಡುತ್ತಿದ್ದರಿಂದ ಆವರೆಗೆ ಈ ಮಿತಿ ತಗುಲಿಯೇ ಇರಲಿಲ್ಲ. ಡಿಸ್ಕ್ ಖಾಲಿ ಮಾಡಿ ಲಿನಕ್ಸ್‌ನ ಇಎಕ್ಸ್‌ಟಿ4 ವಿಧಾನದಲ್ಲಿ ಮತ್ತೆ ಫಾರ್ಮ್ಯಾಟ್ ಮಾಡಿದ ಮೇಲೆ ಆರು ಗಂಟೆಯ ರೆಕಾರ್ಡಿಂಗ್ ಕೂಡ ಒಂದೇ ಫೈಲಾಗಿ ಉಳಿದಿದೆ.

ಅದೇ ಡಿಸ್ಕ್ ಇನ್ನೊಂದು ತೊಂದರೆಯನ್ನೂ ಕೊಟ್ಟಿತು. ಕರೆಂಟ್ ಹೋಗಿ ಬಂದಾಗ ಡಿಸ್ಕ್ ಎಚ್ಚರಗೊಳ್ಳುವುದು ತಡವಾದರೆ, ಅದರ ಹೆಸರಿನ ಖಾಲಿ ಫೋಲ್ಡರ್‌ಗೇ ಟಿವಿಹೆಡ್‌ಎಂಡ್ ಬರೆಯುತ್ತಾ ಹೋಗಿ, ಕಂಪ್ಯೂಟರ್ ಒಳಗಿನ ಸಣ್ಣ ಎಸ್‌ಎಸ್‌ಡಿ ಡಿಸ್ಕ್ ತುಂಬಿ ಇಡೀ ವ್ಯವಸ್ಥೆ ನಿಲ್ಲುತ್ತಿತ್ತು. ಡಿಸ್ಕ್ ಜೋಡಣೆಯಾಗದೆ ತಂತ್ರಾಂಶ ಶುರುವಾಗಕೂಡದು ಎಂದು ಲಿನಕ್ಸ್‌ನಲ್ಲೇ ಕಟ್ಟುಪಾಡು ಹಾಕಿದ ಮೇಲೆ ಅದು ನಿಂತಿತು.

ನನ್ನನ್ನು ಬಹಳ ದಿನ ಕಾಡಿದ್ದು ಗಡಿಯಾರ. ರಾತ್ರಿ 9:30ಕ್ಕೆ ಆಗಬೇಕಾದ ರೆಕಾರ್ಡಿಂಗ್, 8:30ಕ್ಕೇ 'ಸಮಯ ತಪ್ಪಿತು' ಎಂಬ ಷರಾದೊಂದಿಗೆ ವಿಫಲವಾದವುಗಳ ಪಟ್ಟಿಯಲ್ಲಿ ಬಿದ್ದಿರುತ್ತಿತ್ತು. ಇನ್ನೂ ಬಾರದ ಹೊತ್ತು ತಪ್ಪುವುದು ಹೇಗೆ? ಆಗ ಆ ಕಂಪ್ಯೂಟರ್‌ನಲ್ಲಿ ಮಗನ ಓದಿಗೆಂದು ವಿಂಡೋಸ್ ಕೂಡ ಇತ್ತು. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ವಿಂಡೋಸ್ ಭಾರತೀಯ ಸಮಯವನ್ನೇ ಬರೆದಿಡುತ್ತದೆ. ಲಿನಕ್ಸ್ ಅದನ್ನು ಗ್ರೀನಿಚ್ ಸಮಯ ಎಂದು ಓದಿ, ಅದಕ್ಕೆ ಐದೂವರೆ ಗಂಟೆ ಕೂಡಿಸುತ್ತದೆ. ಮಗ 8:30ಕ್ಕೆ ವಿಂಡೋಸ್ ಮುಚ್ಚಿ ಲಿನಕ್ಸ್ ತೆರೆದರೆ ಯಂತ್ರದ ಪಾಲಿಗೆ ಅದು ಮರುದಿನ ಬೆಳಗಿನ ಜಾವ 2 ಗಂಟೆ. ಇಂಟರ್‌ನೆಟ್ ಮೂಲಕ ಸಮಯ ತಾನೇ ಸರಿಹೋಗುತ್ತದೆ, ನಿಜ, ಆದರೆ ಅಷ್ಟರಲ್ಲಿ ಟಿವಿಹೆಡ್‌ಎಂಡ್ ಆ ದಿನದ ಪಟ್ಟಿಯನ್ನೆಲ್ಲ ಕಳೆದುಹೋದದ್ದು ಎಂದು ತೀರ್ಮಾನಿಸಿ ಆಗಿರುತ್ತಿತ್ತು. ನಾನು ಹೋಗಿ ನೋಡುವ ಹೊತ್ತಿಗೆ ಪರದೆಯ ಮೇಲಿನ ಗಡಿಯಾರ ಸರಿಯಾಗಿಯೇ ಇರುತ್ತಿದ್ದುದರಿಂದ ಇದು ತಿಳಿಯಲು ಎರಡು ತಿಂಗಳು ಹಿಡಿಯಿತು. ವಿಫಲವಾದ ರೆಕಾರ್ಡಿಂಗ್‌ಗಳೆಲ್ಲ ಮಗ ಕಂಪ್ಯೂಟರ್ ಬಳಸಿದ ದಿನಗಳವೇ ಎಂದು ನನ್ನ ಟಿಪ್ಪಣಿ ಪುಸ್ತಕ ತೋರಿಸಿಕೊಟ್ಟಿತು.

ವಿಂಡೋಸ್‌ಗೂ ಗ್ರೀನಿಚ್ ಸಮಯವನ್ನೇ ಬಳಸುವಂತೆ ಹೇಳಿದೆ. ಸಮಯ ಹೊಂದಿಕೊಂಡ ಮೇಲಷ್ಟೇ ಟಿವಿಹೆಡ್‌ಎಂಡ್ ತೆರೆಯುವಂತೆ ಮಾಡಿದೆ. ಎರಡನೆಯದು ಮುಖ್ಯ, ಏಕೆಂದರೆ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದರೆ ನಮ್ಮ ರೌಟರ್ ಏಳಲು ಮೂರು ನಿಮಿಷ ಬೇಕು. ಮೂರನೆಯ ವರ್ಷ ಮತ್ತೆ ಸಮಯ ತಪ್ಪತೊಡಗಿದಾಗ ಕಾರಣ ಬೇರೆಯಿತ್ತು: ಮದರ್‌ಬೋರ್ಡ್‌ನ ಬಿಲ್ಲೆಯಂಥ ಸಿಆರ್2032 ಬ್ಯಾಟರಿ ಸತ್ತಿತ್ತು. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) 'ಕರೆಂಟ್ ಬಂದ ಕೂಡಲೇ ಆನ್ ಆಗು' ಎಂದು ಇಟ್ಟಿದ್ದ ಆಯ್ಕೆಯೂ ಅದರೊಂದಿಗೆ ಅಳಿಸಿಹೋಗಿತ್ತು. ಬ್ಯಾಟರಿ ಬದಲಿಸಿ, ಆಯ್ಕೆಯನ್ನು ಮತ್ತೆ ಹಾಕಿ, ಒಂದು ಸಣ್ಣ ಯುಪಿಎಸ್ ಕೂಡ ಇಟ್ಟೆ.

ಇನ್ನು ಚಿತ್ರ ಒಡೆಯುವ ತೊಂದರೆ. ಉಪಗ್ರಹದಿಂದ ಬರುವ ಮಾಹಿತಿ 188 ಬೈಟ್‌ಗಳ ಪೊಟ್ಟಣಗಳಾಗಿ ಬರುತ್ತದೆ, ಚಿತ್ರ, ಧ್ವನಿ ಹೀಗೆ ಒಂದೊಂದು ಧಾರೆಯ ಪೊಟ್ಟಣಗಳಿಗೂ 0ಯಿಂದ 15ರವರೆಗೆ ಸುತ್ತುವ ಕ್ರಮಸಂಖ್ಯೆ ಇರುತ್ತದೆ. 6ರ ನಂತರ 7 ಬಾರದೆ 9 ಬಂದರೆ ನಡುವಿನದು ಕಳೆದಿದೆ ಎಂದರ್ಥ. ಟಿವಿಹೆಡ್‌ಎಂಡ್ ಇಂಥ ದೋಷಗಳನ್ನು ಎಣಿಸಿ ಪ್ರತಿ ರೆಕಾರ್ಡಿಂಗ್‌ನ ಎದುರು ಬರೆದಿಡುತ್ತದೆ. ಈ ತಂತ್ರಾಂಶದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಅಂಕಣ ಅದೇ. ಅದರಲ್ಲಿ ಸೊನ್ನೆ ಇದ್ದೂ ಚಿತ್ರ ತಡವರಿಸಿದರೆ ನಾನು ಟಿವಿಯ ಕಡೆಗೆ, ಕೋಡಿಯ ಕಡೆಗೆ ನೋಡುತ್ತೇನೆ; ಸಂಖ್ಯೆ ಸಾವಿರ ದಾಟಿದ್ದರೆ ಏಣಿ ಹುಡುಕುತ್ತೇನೆ.

ಹಾಗೆ ಏಣಿ ಹತ್ತಿದ ದಿನಗಳಲ್ಲಿ ಒಂದನ್ನು ಹೇಳಬೇಕು. ಮಳೆಗಾಲ ಮುಗಿದರೂ ದೋಷಗಳು ಇಳಿದಿರಲಿಲ್ಲ. ಬೆಳಿಗ್ಗೆ ಇಬ್ಬನಿ ಇರುವಾಗ ಹೆಚ್ಚು, ಬಿಸಿಲೇರಿದ ಮೇಲೆ ಕಡಿಮೆ. ಡಿಶ್‌ನ ಮೂತಿಯಲ್ಲಿ ಸಿಗ್ನಲ್ ಹಿಡಿದು ಕೇಬಲ್ಲಿಗೆ ಕಳಿಸುವ ಎಲ್‌ಎನ್‌ಬಿಯಿಂದ ಕೇಬಲ್ಲಿನ ತಿರುಪನ್ನು ಬಿಚ್ಚಿದಾಗ ಒಳಗಿನಿಂದ ಒಂದು ಹನಿ ನೀರು ಬೆರಳಿನ ಮೇಲೆ ಬಿತ್ತು. ನಡುವಿನ ತಾಮ್ರದ ತಂತಿಯ ತುದಿ ಹಳೆಯ ತಂಬಿಗೆಯಂತೆ ಹಸಿರು ಕಿಲುಬು ಹಿಡಿದಿತ್ತು, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಕೇಬಲ್ಲಿನ ತುದಿಯಿಂದ ಒಂದು ಗೇಣು ಕತ್ತರಿಸಿದರೂ ಒಳಗಿನ ಹೆಣಿಗೆ ಕಪ್ಪಾಗಿಯೇ ಇತ್ತು. ಹೊಸ ಆರ್‌ಜಿ6 ಕೇಬಲ್ ಎಳೆದು, ತುದಿಗೆ ರಬ್ಬರ್ ಟೋಪಿ ಹಾಕಿ, ಕೇಬಲ್ಲನ್ನು ಕೆಳಕ್ಕೆ ಒಂದು ಸುತ್ತು ಬಳಸಿ ನೀರು ಅಲ್ಲೇ ತೊಟ್ಟಿಕ್ಕಿಹೋಗುವಂತೆ ಕಟ್ಟಿದೆ. ಮರುದಿನದಿಂದ ದೋಷದ ಅಂಕಣ ಸೊನ್ನೆ. ಹೊಸ ಟ್ಯೂನರ್‌ಗೆ ಖರ್ಚು ಮಾಡಿದ ಹಣವನ್ನು ಮೊದಲೇ ಕೇಬಲ್ಲಿಗೆ ಹಾಕಿದ್ದರೆ ಎಂದು ಅಂದು ನಿಜಕ್ಕೂ ಮರುಗಿದೆ.

ಇನ್ನೊಂದು ಅನುಭವಕ್ಕೆ ಕಾರಣ ಆಕಾಶದಲ್ಲೇ ಇತ್ತು. ಸೆಪ್ಟೆಂಬರ್ ಕೊನೆಯ ವಾರ ಸತತವಾಗಿ ಕೆಲವು ದಿನ, ಶುಭ್ರ ಬಿಸಿಲಿದ್ದಾಗಲೇ, ಬೆಳಿಗ್ಗೆ 11ರ ಸುಮಾರಿಗೆ ಕೆಲವು ನಿಮಿಷ ಚಿತ್ರ ಪೂರ್ತಿ ಹೋಗಿ ಮತ್ತೆ ಬರುತ್ತಿತ್ತು. ಫ್ರೀ ಡಿಶ್ ವಾಹಿನಿಗಳು ಬರುವುದು 2015ರ ನವೆಂಬರ್‌ನಲ್ಲಿ ಉಡಾವಣೆಯಾದ ಜಿಸ್ಯಾಟ್-15 ಉಪಗ್ರಹದಿಂದ. ಅದು ಸಮಭಾಜಕದ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅದನ್ನು ನೋಡಿಕೊಳ್ಳುವುದು ನಮ್ಮ ಹಾಸನದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರ ಎಂಬುದು ನನಗೆ ಖುಷಿ ಕೊಡುವ ಸಂಗತಿ. ಮೈಸೂರಿನಿಂದ ಅದು ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ವರ್ಷಕ್ಕೆ ಎರಡು ಸಲ, ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಸೂರ್ಯ ನಮ್ಮ ಕಣ್ಣಿಗೆ ಸರಿಯಾಗಿ ಆ ಉಪಗ್ರಹದ ಬೆನ್ನಿಗೇ ಬಂದು ನಿಲ್ಲುತ್ತಾನೆ. ಅವನಿಂದ ಹೊರಡುವ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಮೆಲುದನಿ ಮುಳುಗಿಹೋಗುತ್ತದೆ. ಇದಕ್ಕೆ ರಿಪೇರಿ ಇಲ್ಲ, ಬೇಕಾಗಿಯೂ ಇಲ್ಲ. ಆ ದಿನಗಳಲ್ಲಿ ಯಾರನ್ನಾದರೂ ಕರೆಸಿ ಡಿಶ್ ತಿರುಗಿಸಿದರೆ ಸರಿಯಿದ್ದದ್ದೂ ಕೆಡುತ್ತದೆ.

ಒಂದೇ ಹೊತ್ತಿನ ಎರಡು ರೆಕಾರ್ಡಿಂಗ್‌ಗಳ ವಿಷಯದಲ್ಲಿ ಹೊಸಬರು ಗಲಿಬಿಲಿಗೊಳ್ಳುವುದು ಸಹಜ. ಉಪಗ್ರಹ ತನ್ನ ವಾಹಿನಿಗಳನ್ನು ಟ್ರಾನ್ಸ್‌ಪಾಂಡರ್ ಎಂಬ ಗುಂಪುಗಳಲ್ಲಿ ಕಳಿಸುತ್ತದೆ. ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದೇ ಟ್ರಾನ್ಸ್‌ಪಾಂಡರ್ ಹಿಡಿಯಬಲ್ಲದು, ಆದರೆ ಆ ಟ್ರಾನ್ಸ್‌ಪಾಂಡರ್‌ನಲ್ಲಿರುವ ವಾಹಿನಿಗಳಲ್ಲಿ ಎಷ್ಟನ್ನು ಬೇಕಾದರೂ ಒಟ್ಟಿಗೆ ರೆಕಾರ್ಡ್ ಮಾಡಬಹುದು. ಹಾಗಾಗಿ ಕೆಲವು ಜೋಡಿಗಳು ಆರಾಮವಾಗಿ ನಡೆಯುತ್ತವೆ, ಕೆಲವು ಟ್ಯೂನರ್ ಬಿಡುವಿಲ್ಲ ಎಂದು ವಿಫಲವಾಗುತ್ತವೆ. ಪ್ರಸಾರ ತಡವಾದರೂ ಕೊನೆ ತಪ್ಪದಿರಲಿ ಎಂದು ನಾನು ಮುಂಚೆ 5 ನಿಮಿಷ, ಆಮೇಲೆ 15 ನಿಮಿಷ ಹೆಚ್ಚಿಗೆ ಸೇರಿಸಿಟ್ಟಿದ್ದೇನೆ. ಈ ಹೆಚ್ಚಿನ ನಿಮಿಷಗಳೇ ಮುಂದಿನ ಕಾರ್ಯಕ್ರಮದ ಮೇಲೆ ಬಿದ್ದು, ಪಟ್ಟಿಯಲ್ಲಿ ಒಂದಾದ ಮೇಲೊಂದು ಇರುವಂತೆ ಕಂಡವು ಜಗಳಕ್ಕೆ ನಿಲ್ಲುವುದುಂಟು. ಯಾವುದಕ್ಕೆ ಆದ್ಯತೆ ಎಂದು ಮೊದಲೇ ಹೇಳಿಟ್ಟರೆ ಸಾಕಾಗುತ್ತದೆ.

ಟಿವಿಹೆಡ್‌ಎಂಡ್ ಬ್ರೌಸರ್‌ನಲ್ಲಿ ತೆರೆಯುತ್ತದೆ, ಹಾಗಾಗಿ ಮೊಬೈಲಿನಿಂದಲೂ ರೆಕಾರ್ಡಿಂಗ್ ಹಚ್ಚಬಹುದು. ಆದರೆ ಆಯ್ಕೆಗಳು ಅತಿಯಾಗಿವೆ. ಮೊದಲಿಗೆ ಕಾಣುವ ಸರಳ ನೋಟದಲ್ಲಿ ಬಹಳಷ್ಟು ಆಯ್ಕೆಗಳು ಮರೆಯಾಗಿದ್ದು, ಪರಿಣತರ ನೋಟಕ್ಕೆ ಬದಲಿಸಿದ ಮೇಲೆಯೇ ಸಿಗುತ್ತವೆ. ಲಾಗ್, ಅಂದರೆ ತಂತ್ರಾಂಶ ತಾನೇ ಬರೆದಿಡುವ ದಾಖಲೆ, ಓದುವ ತಾಳ್ಮೆ ಇಲ್ಲದವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಅಂಥವರಿಗೆ ರೆಕಾರ್ಡಿಂಗ್ ಇರುವ ಸೆಟ್‌ಟಾಪ್ ಬಾಕ್ಸೇ ಒಳ್ಳೆಯದು. ತಾಳ್ಮೆ ಇದ್ದವರಿಗೆ ಸಿಗುವುದು ಮಾತ್ರ ಬೇರೆ: ರೆಕಾರ್ಡ್ ಆದದ್ದು ಸಾಮಾನ್ಯ ವಿಡಿಯೋ ಫೈಲ್, ಅದು ಯಾವ ಬಾಕ್ಸಿಗೂ ಅಂಟಿಕೊಂಡಿಲ್ಲ. ಮಂಡ್ಯದಲ್ಲಿರುವ ತಂಗಿಗೆ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟಿದ್ದೇನೆ.

ಸಂಜೆ ಗುಡುಗು ಮಳೆ ಜೋರಾಗಿ ಹೊಡೆದಾಗ ಈಗಲೂ ಐದು ಹತ್ತು ನಿಮಿಷ ಚಿತ್ರ ಹೋಗುತ್ತದೆ. ಈ ವಾಹಿನಿಗಳು ಬರುವ ಕೆಯು ಬ್ಯಾಂಡ್ ಎಂಬ ತರಂಗಗಳ ಸಿಗ್ನಲ್‌ಗೆ ಮಳೆಹನಿಗಳನ್ನು ದಾಟುವುದು ಕಷ್ಟ. 90 ಸೆಂ.ಮೀ. ಡಿಶ್ ಹಾಕಿದರೆ ಸಣ್ಣ ಮಳೆಗೆ ತಡೆದೀತು, ದೊಡ್ಡ ಮಳೆಗೆ ಅದೂ ಸಾಲದು. ಮುಂದಿನ ದಸರೆಗೆ ಮೊದಲು ಆ ಡಿಶ್‌ನೊಂದಿಗೆ ಎರಡು ಹೊರಗಿಂಡಿಗಳಿರುವ ಎಲ್‌ಎನ್‌ಬಿ ಹಾಕಿಸಿ, ಅಂದು ಸುಮ್ಮನೆ ಕೊಂಡು ಬೀರುವಿನಲ್ಲಿಟ್ಟ ಎರಡನೆಯ ಟ್ಯೂನರನ್ನೂ ಕೆಲಸಕ್ಕೆ ಹಚ್ಚಬೇಕೆಂದಿದ್ದೇನೆ. ಒಂದು ಜಂಬೂ ಸವಾರಿಗೆ, ಇನ್ನೊಂದು ಅಮ್ಮನ ಉಳಿದ ಕಾರ್ಯಕ್ರಮಗಳಿಗೆ.